ಓದುಗರ ಪ್ರಶ್ನೆ: ಲಾಸ್ ಏಂಜಲೀಸಿಗೆ ಎಲ್ಲರೂ ಬಂದಿದ್ದರೆ?

1984ರ ಒಲಿಂಪಿಕ್ಸ್‌ನ ಮಹಿಳಾ ಅಥ್ಲೆಟಿಕ್ಸ್ ಕುರಿತು ಬಂದಿರುವ ನಾಲ್ಕು ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಅವು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಉತ್ತರಗಳನ್ನು ಇದೇ ಕ್ರಮದಲ್ಲಿ ಓದಿದರೆ ಅನುಕೂಲ.

ಪ್ರಶ್ನೆ: ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೋವಿಯತ್ ಒಕ್ಕೂಟವೂ ಪೂರ್ವ ಜರ್ಮನಿಯೂ ಬರಲಿಲ್ಲ. ಬಂದಿದ್ದರೆ ಮಹಿಳೆಯರ ಸ್ಪರ್ಧೆಗಳಲ್ಲಿ ಅಮೆರಿಕದ ಪಾಡು ಏನಾಗುತ್ತಿತ್ತು? ನಿಮ್ಮ ಕಲ್ಪನೆಯನ್ನು ತಿಳಿಸುವಿರಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಈ ಕಲ್ಪನೆಯನ್ನು ಶೂನ್ಯದಿಂದ ಕಟ್ಟಬೇಕಾಗಿಲ್ಲ. ಒಲಿಂಪಿಕ್ಸ್‌ಗೆ ಸರಿಯಾಗಿ ಒಂದು ವರ್ಷ ಮೊದಲು, 1983ರ ಆಗಸ್ಟ್‌ನಲ್ಲಿ, ಹೆಲ್ಸಿಂಕಿಯಲ್ಲಿ ಮೊಟ್ಟಮೊದಲ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ನಡೆದಿತ್ತು. ಎರಡೂ ಬಣಗಳ ದೇಶಗಳು ಅಲ್ಲಿಗೆ ಬಂದಿದ್ದವು. ಮಹಿಳೆಯರಿಗೆ ಅಲ್ಲಿದ್ದದ್ದು 17 ಸ್ಪರ್ಧೆಗಳು, ಲಾಸ್ ಏಂಜಲೀಸಿನಲ್ಲಿದ್ದದ್ದೂ ಅವೇ 17. ಹೆಲ್ಸಿಂಕಿಯಲ್ಲಿ ಪೂರ್ವ ಜರ್ಮನಿ 8, ಚೆಕೊಸ್ಲೊವಾಕಿಯ 3, ಸೋವಿಯತ್ ಒಕ್ಕೂಟ 2 ಚಿನ್ನ ಗೆದ್ದವು. ಅಮೆರಿಕಕ್ಕೆ ಸಿಕ್ಕಿದ್ದು ಎರಡೇ ಚಿನ್ನ, ಆ ಎರಡನ್ನೂ ತಂದವರು 1500 ಮತ್ತು 3000 ಮೀಟರ್ ಓಡಿದ ಮೇರಿ ಡೆಕರ್ ಒಬ್ಬರೇ. ಮುಂದಿನ ವರ್ಷ ಲಾಸ್ ಏಂಜಲೀಸಿನಲ್ಲಿ ಅದೇ ಅಮೆರಿಕದ ಮಹಿಳೆಯರು 7 ಚಿನ್ನ ಗೆದ್ದರು. ಹನ್ನೆರಡು ತಿಂಗಳಲ್ಲಿ ಎರಡು ಏಳಾದದ್ದಕ್ಕೆ ಅವರ ಪರಿಶ್ರಮವೂ ತಕ್ಕಮಟ್ಟಿಗೆ ಕಾರಣವೆನ್ನಬೇಕು, ಆದರೆ ಹೆಲ್ಸಿಂಕಿಯ 17 ಚಿನ್ನಗಳಲ್ಲಿ 13ನ್ನು ಹೊತ್ತೊಯ್ದ ಮೂರು ದೇಶಗಳು ಮನೆಯಲ್ಲೇ ಉಳಿದದ್ದು ಅದಕ್ಕಿಂತ ದೊಡ್ಡ ಕಾರಣ.

ಮನೆಯಲ್ಲಿ ಉಳಿದವರು ಸುಮ್ಮನೆಯೂ ಕೂರಲಿಲ್ಲ. ಒಲಿಂಪಿಕ್ಸ್ ಆಗಸ್ಟ್ 12ಕ್ಕೆ ಮುಗಿಯಿತು. ನಾಲ್ಕೇ ದಿನಗಳ ಅನಂತರ ಸೋವಿಯತ್ ಬಣದವರು ‘ದ್ರುಝ್ಬಾ’ ಎಂಬ ಹೆಸರಿನ ತಮ್ಮದೇ ಕ್ರೀಡಾಕೂಟದ ಮಹಿಳಾ ಅಥ್ಲೆಟಿಕ್ಸ್ ಸ್ಪರ್ಧೆಗಳನ್ನು ಪ್ರಾಗ್ ನಗರದಲ್ಲಿ ನಡೆಸಿದರು. ಹೀಗಾಗಿ ಆ ವರ್ಷದ ಮಹಿಳಾ ಒಲಿಂಪಿಕ್ಸ್ ಎರಡು ಕ್ರೀಡಾಂಗಣಗಳಲ್ಲಿ ಹರಿದು ಹಂಚಿಹೋಯಿತು ಎಂದೇ ನಾನು ತಿಳಿಯುತ್ತೇನೆ. ಎರಡರ ಫಲಿತಾಂಶಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕಲ್ಪನೆಯ ಕೆಲಸ ಅರ್ಧ ಮುಗಿದಂತೆ. ಗಾಳಿ, ಹವೆ, ಎದುರಾಳಿಯ ಒತ್ತಡ ಬೇರೆಬೇರೆಯಾಗಿದ್ದುದರಿಂದ ಈ ಹೋಲಿಕೆಯನ್ನು ತೀರ್ಪೆಂದು ತೆಗೆದುಕೊಳ್ಳಬಾರದು.

ಎಸೆತಗಳಲ್ಲಿ ಚರ್ಚೆಗೆ ಆಸ್ಪದವೇ ಇಲ್ಲ. ಲಾಸ್ ಏಂಜಲೀಸಿನಲ್ಲಿ ನೆದರ್ಲೆಂಡ್ಸ್‌ನ ರಿಯಾ ಸ್ಟಾಲ್ಮನ್ 65.36 ಮೀಟರ್ ಡಿಸ್ಕಸ್ ಎಸೆದು ಚಿನ್ನ ಪಡೆದರು. ಪ್ರಾಗ್‌ನಲ್ಲಿ ಪೂರ್ವ ಜರ್ಮನಿಯ ಇರಿನಾ ಮೆಸ್ಜಿನ್ಸ್ಕಿ 73.36 ಮೀಟರ್ ಎಸೆದು ವಿಶ್ವದಾಖಲೆ ಬರೆದರು. ಅಂತರ ಕರಾರುವಾಕ್ಕಾಗಿ ಎಂಟು ಮೀಟರ್. ಶಾಟ್‌ಪಟ್‌ನಲ್ಲಿ ಪಶ್ಚಿಮ ಜರ್ಮನಿಯ ಕ್ಲೌಡಿಯಾ ಲೋಶ್ 20.48 ಮೀಟರಿಗೆ ಚಿನ್ನ ಗೆದ್ದಾಗ ವಿಶ್ವದಾಖಲೆ ಸೋವಿಯತ್ತಿನ ನತಾಲ್ಯಾ ಲಿಸೊವ್ಸ್ಕಾಯಾ ಅವರ ಹೆಸರಿನಲ್ಲಿತ್ತು. ಆ ವರ್ಷದ ಮೇ ತಿಂಗಳಲ್ಲಿ ಅವರು ಎಸೆದದ್ದು 22.53 ಮೀಟರ್.

ಓಟದ ಕಥೆ ಇಷ್ಟು ಏಕಪಕ್ಷೀಯವಲ್ಲ. 400 ಮೀಟರ್ ಓಟವನ್ನು ಅಮೆರಿಕದ ವ್ಯಾಲೆರಿ ಬ್ರಿಸ್ಕೊ-ಹುಕ್ಸ್ 48.83 ಸೆಕೆಂಡಿನಲ್ಲಿ ಗೆದ್ದರು, ಪ್ರಾಗ್‌ನಲ್ಲಿ ಪೂರ್ವ ಜರ್ಮನಿಯ ಮರೀಟಾ ಕೋಖ್ 48.16ರಲ್ಲಿ ಓಡಿದರು. ಇಲ್ಲಿ ಕೋಖ್ ಅವರಿಗೇ ನನ್ನ ಮತ. 200 ಮೀಟರಿನಲ್ಲಿ ಮಾತ್ರ ಕೂದಲೆಳೆಯ ಅಂತರ: ಬ್ರಿಸ್ಕೊ-ಹುಕ್ಸ್ ಒಲಿಂಪಿಕ್ಸ್‌ನಲ್ಲಿ 21.81, ಕೋಖ್ ಅದಕ್ಕೆ ಮೂರು ವಾರ ಮೊದಲು ಪಾಟ್ಸ್‌ಡಾಮ್‌ನಲ್ಲಿ 21.71. ಪರದೇಶದ ಟ್ರ್ಯಾಕಿನಲ್ಲಿ, ಎದುರಾಳಿಯ ತವರಿನ ಜನ ಕೂಗುತ್ತಿರುವಾಗ, ಆ ಹತ್ತನೇ ಒಂದು ಸೆಕೆಂಡು ಉಳಿಯುತ್ತಿತ್ತೆಂದು ಖಚಿತವಾಗಿ ಹೇಳಲಾರೆ.

ನೂರು ಮೀಟರಿಗೆ ಬಂದರೆ ಕಲ್ಪನೆಯೇ ಬೇಡ, ಏಕೆಂದರೆ ಆ ಪಂದ್ಯ ನಿಜವಾಗಿಯೂ ನಡೆಯಿತು. ಹೆಲ್ಸಿಂಕಿಯ ಫೈನಲ್‌ನಲ್ಲಿ ಅಮೆರಿಕದ ಎವಲಿನ್ ಆಶ್‌ಫರ್ಡ್ ತೊಡೆಯ ಸ್ನಾಯು ಹಿಡಿದು ಓಟದ ನಡುವೆಯೇ ಬಿದ್ದಿದ್ದರು, ಚಿನ್ನ ಪೂರ್ವ ಜರ್ಮನಿಯ ಮಾರ್ಲೀಸ್ ಗ್ಯೋರ್ ಪಾಲಾಗಿತ್ತು. ಆಶ್‌ಫರ್ಡ್ ಲಾಸ್ ಏಂಜಲೀಸಿನಲ್ಲಿ 10.97ಕ್ಕೆ ಚಿನ್ನ ಗೆದ್ದಾಗ, ಗ್ಯೋರ್ ಇಲ್ಲದ ಚಿನ್ನಕ್ಕೆ ಬೆಲೆ ಎಷ್ಟು ಎಂಬ ಪ್ರಶ್ನೆ ಎದ್ದದ್ದು ಸಹಜ. 1984ರ ಆಗಸ್ಟ್ 22ರಂದು ಜ್ಯೂರಿಕ್‌ನಲ್ಲಿ ಇಬ್ಬರೂ ಒಂದೇ ಗೆರೆಯ ಮೇಲೆ ನಿಂತರು. ಗ್ಯೋರ್ ಓಡಿದ್ದು 10.84, ಆಶ್‌ಫರ್ಡ್ 10.76. ಅದು ಹೊಸ ವಿಶ್ವದಾಖಲೆ. ಬಹಿಷ್ಕಾರ ಕಸಿದುಕೊಂಡಿದ್ದ ಸ್ಪರ್ಧೆಗಳಲ್ಲಿ ಇಷ್ಟು ಸ್ಪಷ್ಟವಾಗಿ, ಅದೇ ತಿಂಗಳಲ್ಲಿ ಇತ್ಯರ್ಥವಾದದ್ದು ನನಗೆ ತಿಳಿದಂತೆ ಇದೊಂದೇ.

ಮಹಿಳೆಯರಿಗೆ ಮೊದಲ ಬಾರಿಗೆ ತೆರೆದಿದ್ದ ಒಲಿಂಪಿಕ್ ಮ್ಯಾರಥಾನ್ ಯಾರು ಬಂದಿದ್ದರೂ ಅಮೆರಿಕದ ಜೋನ್ ಬೆನೊಯಿಟ್ ಅವರದೇ ಆಗುತ್ತಿತ್ತು. ಅವರ 2 ಗಂಟೆ 24 ನಿಮಿಷ 52 ಸೆಕೆಂಡಿನ ಓಟ ಅಂದಿನ ಲೆಕ್ಕದಲ್ಲಿ ಅಸಾಮಾನ್ಯ. ಎರಡು ರಿಲೇಗಳಲ್ಲಿ ಪೂರ್ವ ಜರ್ಮನಿಯ ಕೈ ಮೇಲಾಗಿತ್ತು: 4x400 ಮೀಟರ್ ರಿಲೇಯಲ್ಲಿ ಅವರು ಆ ಜೂನ್‌ನಲ್ಲಿ ಎರ್‌ಫರ್ಟ್‌ನಲ್ಲಿ 3 ನಿಮಿಷ 15.92 ಸೆಕೆಂಡಿನ ವಿಶ್ವದಾಖಲೆ ಮಾಡಿದ್ದರೆ ಅಮೆರಿಕ ಚಿನ್ನ ಗೆದ್ದದ್ದು 3 ನಿಮಿಷ 18.29 ಸೆಕೆಂಡಿಗೆ. ಒಟ್ಟಿನಲ್ಲಿ ಏಳು ಚಿನ್ನಗಳಲ್ಲಿ ಎರಡು ನಿಶ್ಚಿತವಾಗಿ, ಹೆಚ್ಚೆಂದರೆ ಮೂರು ಅಮೆರಿಕದಲ್ಲೇ ಉಳಿಯುತ್ತಿದ್ದವು ಎಂಬುದು ನನ್ನ ಅಂದಾಜು.

ಪ್ರಶ್ನೆ: ನಮ್ಮ ಪಿ.ಟಿ. ಉಷಾ ಅವರಿಗೆ ಕಂಚು ತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗದಿಂದ. ಬಹಿಷ್ಕಾರ ಇಲ್ಲದಿದ್ದರೆ ಅವರ ಸ್ಥಾನ ಏನಾಗುತ್ತಿತ್ತು?
– ಓದುಗರೊಬ್ಬರು, ಪುತ್ತೂರು

ಉತ್ತರ: ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದೇ ಕಡಿಮೆ, ಏಕೆಂದರೆ ಉತ್ತರ ಹಿತವಾಗಿಲ್ಲ. ಮಹಿಳೆಯರ 400 ಮೀಟರ್ ಹರ್ಡಲ್ಸ್ ಒಲಿಂಪಿಕ್ಸ್‌ಗೆ ಸೇರಿದ್ದು ಅದೇ ವರ್ಷ. ಸೆಮಿಫೈನಲ್‌ನಲ್ಲಿ ಉಷಾ 55.54 ಸೆಕೆಂಡಿನಲ್ಲಿ ಓಡಿ ಅಮೆರಿಕದ ಜೂಡಿ ಬ್ರೌನ್ ಅವರನ್ನು ಹಿಂದಿಕ್ಕಿ ಮೊದಲಿಗರಾದರು. ಆಗಸ್ಟ್ 8ರ ಫೈನಲ್‌ನಲ್ಲಿ ಸಹಸ್ಪರ್ಧಿಯೊಬ್ಬರ ಫಾಲ್ಸ್ ಸ್ಟಾರ್ಟ್‌ನಿಂದಾಗಿ ಎಲ್ಲರನ್ನೂ ಹಿಂದಕ್ಕೆ ಕರೆದು ಮತ್ತೊಮ್ಮೆ ಓಡಿಸಲಾಯಿತು. ಮೊರಾಕೊದ ನವಾಲ್ ಎಲ್ ಮುತವಕ್ಕಿಲ್ 54.61ಕ್ಕೆ ಚಿನ್ನ, ಜೂಡಿ ಬ್ರೌನ್ 55.20ಕ್ಕೆ ಬೆಳ್ಳಿ, ರುಮೇನಿಯದ ಕ್ರಿಸ್ಟಿನಾ ಕೊಜೊಕಾರು 55.41ಕ್ಕೆ ಕಂಚು ಪಡೆದರು. ಉಷಾ ಅವರದು 55.42. ಗೆರೆಯ ಬಳಿ ಎದೆಯನ್ನು ಮುಂದಕ್ಕೆ ಚಾಚಿದ್ದರೆ ಪದಕ ಬರುತ್ತಿತ್ತು ಎಂಬ ಮಾತು ಅಂದಿನಿಂದ ಇಂದಿನವರೆಗೂ ನಡೆದುಬಂದಿದೆ.

ಈಗ ಬಾರದವರ ಪಟ್ಟಿ ನೋಡಿ. ಹೆಲ್ಸಿಂಕಿಯಲ್ಲಿ ಇದೇ ಸ್ಪರ್ಧೆಯ ಮೊದಲ ಮೂವರು ಸೋವಿಯತ್ತಿನ ಯೆಕತೆರಿನಾ ಫೆಸೆಂಕೊ (54.14), ಆನಾ ಆಂಬ್ರಾಜೀನೆ (54.15) ಮತ್ತು ಪೂರ್ವ ಜರ್ಮನಿಯ ಎಲೆನ್ ಫೀಡ್ಲರ್ (54.55). ಚಿನ್ನ ಗೆದ್ದ ನವಾಲ್ ಅವರ ವೇಗಕ್ಕೂ ಅಲ್ಲಿ ಕಂಚು ದೊರೆಯುತ್ತಿರಲಿಲ್ಲ. ಇದರ ಮೇಲೆ, 1984ರ ಜೂನ್‌ನಲ್ಲಿ ಕೀವ್‌ನಲ್ಲಿ ಸೋವಿಯತ್ತಿನ ಮಾರ್ಗರೀಟಾ ಪೊನೊಮರ್ಯೊವಾ 53.58ರ ವಿಶ್ವದಾಖಲೆ ಬರೆದಿದ್ದರು, ಆಗಸ್ಟ್‌ನಲ್ಲಿ ಪ್ರಾಗ್‌ನಲ್ಲಿ ಅದೇ ದೇಶದ ಮರೀನಾ ಸ್ಟೆಪನೊವಾ 53.67ರಲ್ಲಿ ಓಡಿದರು. ಒಂದು ದೇಶಕ್ಕೆ ಮೂವರಂತೆ ಅವಕಾಶವಿದ್ದುದರಿಂದ ಇವರಲ್ಲಿ ಬಹುಮಂದಿ ಲಾಸ್ ಏಂಜಲೀಸಿನಲ್ಲಿ ಇರುತ್ತಿದ್ದರು. ಆಗ ಉಷಾ ಅವರಿಗೆ ನಾಲ್ಕನೆಯ ಸ್ಥಾನದ ಮಾತಿರಲಿ, ಎಂಟು ಮಂದಿಯ ಫೈನಲ್‌ನಲ್ಲಿ ಜಾಗ ಸಿಕ್ಕಿದ್ದರೆ ಅದೇ ದೊಡ್ಡದು.

ಆದರೆ ಇಲ್ಲಿಗೆ ನಿಲ್ಲಿಸಿದರೆ ಲೆಕ್ಕ ಅರ್ಧವಾಗುತ್ತದೆ. ಉಷಾ ಅವರಿಗಿಂತ ನೂರನೇ ಒಂದು ಸೆಕೆಂಡು ಮೊದಲು ಗೆರೆ ದಾಟಿದ ಕೊಜೊಕಾರು ರುಮೇನಿಯದವರು. ರುಮೇನಿಯ ಸೋವಿಯತ್ ಬಣದ್ದೇ ದೇಶವಾಗಿದ್ದರೂ ಮಾಸ್ಕೋದ ಕರೆಗೆ ಕಿವಿಗೊಡದೆ ಲಾಸ್ ಏಂಜಲೀಸಿಗೆ ತಂಡ ಕಳುಹಿಸಿತ್ತು. ಅದೂ ಉಳಿದವರಂತೆ ದೂರ ನಿಂತಿದ್ದರೆ ಉಷಾ ಅವರ ಕೊರಳಲ್ಲಿ ಕಂಚು ಇರುತ್ತಿತ್ತು. ಬಹಿಷ್ಕಾರ ಇರದಿದ್ದರೆ ಅವರು ಪದಕದಿಂದ ಬಹುದೂರ, ಬಹಿಷ್ಕಾರ ಪೂರ್ತಿಯಾಗಿದ್ದರೆ ಪದಕ ಕೈಯಲ್ಲಿ. ನಡೆದದ್ದು ಇವೆರಡರ ನಡುವಿನದು. ನಮ್ಮ ಜನ ನಾಲ್ಕು ದಶಕಗಳಿಂದ ಹಳಹಳಿಸುತ್ತಿರುವ ಆ ನೂರನೇ ಒಂದು ಭಾಗವನ್ನು ನಿರ್ಧರಿಸುವಲ್ಲಿ ರುಮೇನಿಯದ ರಾಜಧಾನಿ ಬುಕಾರೆಸ್ಟಿನ ರಾಜಕಾರಣದ ಕೈಯೂ ಇತ್ತು ಎನ್ನುವುದನ್ನು ಯಾಕೋ ಯಾರೂ ಹೇಳುವುದಿಲ್ಲ.

ಹಾಗೆಂದು ಆ ಓಟವನ್ನು ಕಿರಿದು ಮಾಡಲು ಬಾರದು. 55.42 ಉಷಾ ಅವರ ಜೀವಮಾನದ ಅತ್ಯುತ್ತಮ ಸಮಯ. ಮಹತ್ವದ ದಿನವೇ ಅವರು ತಮ್ಮ ಶಕ್ತಿಯ ಮೇರೆಯನ್ನು ಮುಟ್ಟಿದ್ದರು. ಆ ರಾಷ್ಟ್ರೀಯ ದಾಖಲೆಯನ್ನು ಸರಿಗಟ್ಟಲು 2023ರವರೆಗೆ ಕಾಯಬೇಕಾಯಿತು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ತಮಿಳುನಾಡಿನ ವಿದ್ಯಾ ರಾಮರಾಜ್ ಓಡಿದ್ದೂ ನೂರನೇ ಭಾಗದವರೆಗೆ ಅದೇ 55.42.

ಪ್ರಶ್ನೆ: ಪೂರ್ವ ಜರ್ಮನಿಯ ಆ ದಾಖಲೆಗಳೆಲ್ಲ ಮದ್ದಿನ ಬಲದವು ಎಂದು ಓದಿದ್ದೇನೆ. ಹಾಗಿದ್ದ ಮೇಲೆ ಇಂಥ ಹೋಲಿಕೆಗೆ ಅರ್ಥವಿದೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಪೂರ್ವ ಜರ್ಮನಿಯಲ್ಲಿ ಕ್ರೀಡಾಪಟುಗಳಿಗೆ ಉದ್ದೀಪನ ಮದ್ದು ಕೊಡುವುದು ಸರ್ಕಾರದ ಯೋಜನೆಯೇ ಆಗಿತ್ತು. 1974ರಿಂದ ಅದು ‘ರಾಜ್ಯ ಯೋಜನೆ 14.25’ ಎಂಬ ಕಡತದ ಹೆಸರಿನಲ್ಲಿ ನಡೆಯಿತು. ಓರಲ್ ಟುರಿನಬೋಲ್ ಎಂಬ ನೀಲಿ ಮಾತ್ರೆಯನ್ನು ವಿಟಮಿನ್ ಎಂದು ಹೇಳಿ ಹದಿಹರೆಯದ ಹುಡುಗಿಯರಿಗೂ ನುಂಗಿಸಲಾಯಿತು. ಬರ್ಲಿನ್ ಗೋಡೆ ಬಿದ್ದ ಮೇಲೆ ವಿಜ್ಞಾನಿ ವರ್ನರ್ ಫ್ರಾಂಕೆ ಮತ್ತು ಅವರ ಪತ್ನಿ, ಮಾಜಿ ಡಿಸ್ಕಸ್ ಪಟು ಬ್ರಿಗಿಟೆ ಬೆರೆಂಡಾಂಕ್ ಕಡತಗಳನ್ನು ಹೊರತೆಗೆದರು. 2000ದಲ್ಲಿ ಬರ್ಲಿನ್ ನ್ಯಾಯಾಲಯ ಅಲ್ಲಿನ ಕ್ರೀಡಾ ಮುಖ್ಯಸ್ಥರಾಗಿದ್ದ ಮಾನ್‌ಫ್ರೆಡ್ ಎವಾಲ್ಡ್ ಮತ್ತು ವೈದ್ಯ ಮಾನ್‌ಫ್ರೆಡ್ ಹ್ಯೋಪ್ನರ್ ಅವರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು. ಸೋವಿಯತ್ ಕಡೆಯಲ್ಲೂ ಎಲ್ಲವೂ ಶುಭ್ರವಿರಲಿಲ್ಲ: 3000 ಮೀಟರಿನಲ್ಲಿ 1984ರ ಆಗಸ್ಟ್ 26ರಂದು ವಿಶ್ವದಾಖಲೆ ಮಾಡಿದ ತಾತ್ಯಾನಾ ಕಜಾಂಕಿನಾ ಮುಂದಿನ ತಿಂಗಳೇ ಪ್ಯಾರಿಸ್‌ನಲ್ಲಿ ಮದ್ದಿನ ಪರೀಕ್ಷೆಗೆ ಒಪ್ಪದೆ ನಿಷೇಧಕ್ಕೊಳಗಾದರು.

ಆದ್ದರಿಂದ ನನ್ನ ಮೊದಲ ಉತ್ತರವನ್ನು, ಎಲ್ಲರೂ ಬಂದಿದ್ದರೆ ಏನು ನಡೆಯುತ್ತಿತ್ತು ಎಂಬುದಕ್ಕಷ್ಟೇ ಸೀಮಿತವೆಂದು ಓದಬೇಕು. ನ್ಯಾಯವಾಗಿ ಏನು ನಡೆಯಬೇಕಾಗಿತ್ತು ಎಂಬ ಪ್ರಶ್ನೆಗೆ ಗಡಿಯಾರದಲ್ಲೂ ಅಳತೆಪಟ್ಟಿಯಲ್ಲೂ ಉತ್ತರವಿಲ್ಲ. ಮದ್ದಿನ ಪಾಲನ್ನು ಕಳೆದು ಉಳಿದದ್ದನ್ನು ಲೆಕ್ಕ ಹಾಕುತ್ತೇವೆ ಎನ್ನುವವರನ್ನು ನಾನು ನಂಬುವುದಿಲ್ಲ. ಯಾರಿಗೆ ಎಷ್ಟು ಕೊಟ್ಟರು, ಅದರಿಂದ ಎಷ್ಟು ಸೆಕೆಂಡು ಇಳಿಯಿತು ಎಂದು ತೂಗಿ ಹೇಳುವ ತಕ್ಕಡಿ ಇಲ್ಲ. ಜೊತೆಗೆ ಆ ಹುಡುಗಿಯರಲ್ಲಿ ಹಲವರು ಅಪರಾಧಿಗಳಿಗಿಂತ ಬಲಿಪಶುಗಳೇ ಹೆಚ್ಚು. ಮುಂದೆ ಆರೋಗ್ಯ ಕೆಟ್ಟು ನರಳಿದವರಿಗೆ ಜರ್ಮನ್ ಸರ್ಕಾರ ಪರಿಹಾರ ಕೊಡಬೇಕಾಗಿ ಬಂತು.

ಪ್ರಶ್ನೆ: ಕ್ರಿಕೆಟ್‌ನಂತೆ ಎರಡೇ ದೇಶಗಳ ನಡುವೆ ಅಥ್ಲೆಟಿಕ್ಸ್ ಪಂದ್ಯ ನಡೆದದ್ದುಂಟೇ? ಅಂಕ ಹೇಗೆ ಕೊಡುತ್ತಾರೆ? ಇಂದು ಮಹಿಳೆಯರಿಗೇ ಅಂಥದೊಂದು ಪಂದ್ಯವಿಟ್ಟರೆ ಯಾವ ದೇಶಗಳನ್ನು ಆರಿಸುತ್ತೀರಿ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಧಾರಾಳವಾಗಿ ನಡೆದಿವೆ. ಅವುಗಳಲ್ಲಿ ಹೆಸರಾದದ್ದು ಅಮೆರಿಕ–ಸೋವಿಯತ್ ಸರಣಿ. ಮೊದಲನೆಯದು 1958ರ ಜುಲೈ 27 ಮತ್ತು 28ರಂದು ಮಾಸ್ಕೋದ ಲೆನಿನ್ ಕ್ರೀಡಾಂಗಣದಲ್ಲಿ ನಡೆಯಿತು. ಒಂದೊಂದು ಸ್ಪರ್ಧೆಗೆ ದೇಶಕ್ಕೆ ಇಬ್ಬರು. ಮೊದಲ ಸ್ಥಾನಕ್ಕೆ 5, ಎರಡಕ್ಕೆ 3, ಮೂರಕ್ಕೆ 2, ಕೊನೆಯವರಿಗೆ 1 ಅಂಕ. ಅಮೆರಿಕದ ಪುರುಷರು 126–109ರಿಂದ ಗೆದ್ದರು, ಸೋವಿಯತ್ ಮಹಿಳೆಯರು 63–44ರಿಂದ ಗೆದ್ದರು. ಜಗಳ ಶುರುವಾದದ್ದು ಆಮೇಲೆ. ಎರಡನ್ನೂ ಕೂಡಿಸಿ 172–170ರಿಂದ ನಾವೇ ಗೆದ್ದೆವು ಎಂದು ಸೋವಿಯತ್ತಿನವರು ಸಾರಿದರು. ಪುರುಷರದು ಬೇರೆ, ಮಹಿಳೆಯರದು ಬೇರೆ, ಕೂಡಿಸುವಂತಿಲ್ಲ ಎಂದು ಅಮೆರಿಕದವರು ಪಟ್ಟು ಹಿಡಿದರು. ಮಹಿಳೆಯರ ಅಂಕಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆ ಬೇಡವೆ ಎಂಬುದರ ಮೇಲೆ ಎರಡು ಮಹಾಶಕ್ತಿಗಳ ಗೆಲುವು ನಿಂತದ್ದು ಬಹುಶಃ ಅದೇ ಮೊದಲು. ಮೂರು ವರ್ಷಗಳ ಅನಂತರ ಮಾಸ್ಕೋಗೆ ಬಂದ ವಿಲ್ಮಾ ರುಡಾಲ್ಫ್ 100 ಮೀಟರಿನ ವಿಶ್ವದಾಖಲೆಯನ್ನು ಸರಿಗಟ್ಟಿ ಓಡಿದಾಗ, ಎದುರಾಳಿಯ ನೆಲದಲ್ಲಿ ಕೂಡಿಸಲು ಅಮೆರಿಕಕ್ಕೂ ಒಂದಿಷ್ಟು ಒಳ್ಳೆಯ ಅಂಕಗಳು ದೊರೆತವು. 1962ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆದ ಪಂದ್ಯಕ್ಕೆ ಎರಡು ದಿನಗಳಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕಿ ಜನ ಸೇರಿದ್ದರು. 1966ರಲ್ಲಿ ವಿಯೆಟ್ನಾಂ ಯುದ್ಧವನ್ನು ಪ್ರತಿಭಟಿಸಿ ಸೋವಿಯತ್ತಿನವರು ಬರಲು ನಿರಾಕರಿಸಿದ್ದರಿಂದ ಸರಣಿ ಕೆಲಕಾಲ ನಿಂತಿತು.

ಇಂದು ಅಂಥ ಪಂದ್ಯವಿಟ್ಟರೆ ನನ್ನ ಆಯ್ಕೆ ಅಮೆರಿಕ ಮತ್ತು ಜಮೈಕಾ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ 100 ಮೀಟರಿನಲ್ಲಿ ಎಲೇನ್ ಥಾಂಪ್ಸನ್-ಹೆರಾ (10.61), ಶೆಲ್ಲಿ-ಆನ್ ಫ್ರೇಸರ್-ಪ್ರೈಸ್, ಶೆರಿಕಾ ಜಾಕ್ಸನ್ ಮೂರೂ ಪದಕಗಳನ್ನು ಜಮೈಕಾಕ್ಕೆ ಒಯ್ದರು, ಮರುವರ್ಷ ಯೂಜೀನ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ ಅದೇ ಮೂವರು ಮತ್ತೆ ಮೂರೂ ಪದಕ ಗೆದ್ದರು. ಆದರೆ ಅದೇ ಯೂಜೀನ್‌ನ 4x100 ಮೀಟರ್ ರಿಲೇಯಲ್ಲಿ ಅಮೆರಿಕ 41.14, ಜಮೈಕಾ 41.18. ಒಬ್ಬೊಬ್ಬರಾಗಿ ಸೋತವರು ನಾಲ್ವರು ಕೂಡಿ ಬ್ಯಾಟನ್ ದಾಟಿಸಿದಾಗ ಗೆದ್ದದ್ದನ್ನು ನೋಡಿದರೆ, ಎರಡು ದೇಶಗಳ ಪಂದ್ಯಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗದು.

ಆದರೂ 1958ರ ಅಂಕಪದ್ಧತಿಯನ್ನೇ ಹಿಡಿದರೆ ಜಮೈಕಾ ಗೆಲ್ಲುವುದು ಕಷ್ಟ. ಟ್ರಿಪಲ್ ಜಂಪ್‌ನಲ್ಲಿ ಶಾನೀಕಾ ರಿಕೆಟ್ಸ್, ಶಾಟ್‌ಪಟ್‌ನಲ್ಲಿ ಡ್ಯಾನಿಯಲ್ ಥಾಮಸ್-ಡಾಡ್ ಅವರಂಥವರು ಅವರಲ್ಲಿದ್ದಾರೆ, ಆದರೆ ಪೋಲ್‌ವಾಲ್ಟ್, ಹ್ಯಾಮರ್ ಎಸೆತ, ದೂರದ ಓಟಗಳಲ್ಲಿ ಅಮೆರಿಕ ಮೊದಲ ಎರಡು ಸ್ಥಾನಗಳನ್ನೂ ಬಾಚಿಕೊಂಡು ಪ್ರತಿ ಸ್ಪರ್ಧೆಯಲ್ಲೂ 8–3ರಂತೆ ಮುಂದೆ ಸಾಗುತ್ತದೆ. ಪಂದ್ಯವನ್ನು 400 ಮೀಟರ್‌ವರೆಗಿನ ಓಟ, ಹರ್ಡಲ್ಸ್ ಮತ್ತು ರಿಲೇಗಳಿಗೆ ಮಾತ್ರ ಮಿತಿಗೊಳಿಸಿದರೆ ಯಾರು ಗೆಲ್ಲುವರೆಂದು ಕೊನೆಯ ರಿಲೇಯವರೆಗೆ ಹೇಳಲಾಗದು.