ಯೇತಿ ಕೈ ಬೀಸುವುದು ಯಾವಾಗ?

ಓದುಗರ ಪ್ರಶ್ನೆಗಳಿಗೆ ಉತ್ತರ. ಈ ಸಂಚಿಕೆಯಲ್ಲಿ: ಥೀಮ್ ಪಾರ್ಕ್ ರೈಡುಗಳಲ್ಲಿ ಕೈಕೊಡುವ ಎಫೆಕ್ಟುಗಳು

ಪ್ರಶ್ನೆ: ಫ್ಲೋರಿಡಾದ ಡಿಸ್ನಿ ಅನಿಮಲ್ ಕಿಂಗ್‌ಡಮ್‌ನ ‘ಎಕ್ಸ್‌ಪೆಡಿಷನ್ ಎವರೆಸ್ಟ್’ ರೈಡಿನ ಕೊನೆಯಲ್ಲಿ ಯೇತಿ, ಅಂದರೆ ಹಿಮಾಲಯದ ದಂತಕಥೆಯ ಹಿಮಮಾನವ, ಮೈಮೇಲೆ ಎರಗುತ್ತದೆ ಎಂದು ಕೇಳಿದ್ದೆವು. ಹೋಗಿ ನೋಡಿದರೆ ನಿಂತಲ್ಲೇ ನಿಂತಿದೆ, ಬೆಳಕು ಮಾತ್ರ ಮಿಂಚುತ್ತದೆ. ಅಷ್ಟು ದೊಡ್ಡ ಕಂಪನಿಗೆ ಒಂದು ಗೊಂಬೆ ರಿಪೇರಿ ಮಾಡಿಸಲು ಆಗುವುದಿಲ್ಲವೆ?

ಗೊಂಬೆ ಎಂಬ ಮಾತೇ ಇಲ್ಲಿ ದಾರಿ ತಪ್ಪಿಸುತ್ತದೆ. ಅದು ಸುಮಾರು 25 ಅಡಿ ಎತ್ತರದ, ಎಣ್ಣೆಯ ಒತ್ತಡದಿಂದ ಕದಲುವ ಹೈಡ್ರಾಲಿಕ್ ಯಂತ್ರ. 2006ರ ಏಪ್ರಿಲ್‌ನಲ್ಲಿ ರೈಡ್ ಶುರುವಾದಾಗ ನಿಜಕ್ಕೂ ಮುಂದೆ ಬಾಗಿ ಕೈ ಬೀಸುತ್ತಿತ್ತು. ಕೆಲವೇ ವರ್ಷಗಳಲ್ಲಿ ಅದರ ಚಲನೆ ನಿಲ್ಲಿಸಿ, ಮಿಂಚುಬೆಳಕಿನಲ್ಲಿ ನೆಗೆದಂತೆ ತೋರಿಸುವ ಏರ್ಪಾಡಿಗೆ ಬದಲಾಯಿಸಿದರು. ಅಭಿಮಾನಿಗಳು ಅದಕ್ಕೆ ‘ಡಿಸ್ಕೋ ಯೇತಿ’ ಎಂದು ಹೆಸರಿಟ್ಟರು. ಆ ಹೆಸರಿನಲ್ಲಿ ಪ್ರೀತಿ ಎಷ್ಟಿದೆಯೋ ಸಿಟ್ಟೂ ಅಷ್ಟೇ ಇದೆ.

ಇಷ್ಟು ದೊಡ್ಡ ಯಂತ್ರಕ್ಕೆ ಶತ್ರು ಅದರ ತೂಕವೇ. ಭಾರೀ ತೋಳೊಂದನ್ನು ಕ್ಷಣದಲ್ಲಿ ಬೀಸಿ ತಟ್ಟನೆ ನಿಲ್ಲಿಸಿದರೆ, ಆ ಹೊಡೆತವನ್ನು ಬುಡದ ಉಕ್ಕು, ಬೋಲ್ಟು, ಕಾಂಕ್ರೀಟು ತಾಳಬೇಕು. ಒಂದು ಸಲವಲ್ಲ. 30 ಸೆಕೆಂಡಿಗೊಂದು ಗಾಡಿ, ದಿನಕ್ಕೆ 12 ಗಂಟೆ ಎಂದಿಟ್ಟುಕೊಳ್ಳಿ: ದಿನಕ್ಕೆ 1,440 ಸಲ, ವರ್ಷಕ್ಕೆ 5 ಲಕ್ಷ ದಾಟುತ್ತದೆ. ಒಂದು ಹೊಡೆತಕ್ಕೆ ಏನೂ ಆಗದ ಉಕ್ಕು, ಇಷ್ಟು ಸಲ ಬಿದ್ದ ಮೇಲೆ ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಲೋಹ ದಣಿಯುವುದು ಎಂದರೆ ಇದೇ.

ಸಿಲಿಂಡರು, ವಾಲ್ವು ಕೆಟ್ಟಿದ್ದರೆ ಒಂದು ರಾತ್ರಿಯ ಕೆಲಸ. ತೊಂದರೆ ಬುಡದಲ್ಲಿದ್ದರೆ ಲೆಕ್ಕವೇ ಬೇರೆ. ಈ ಬೆಟ್ಟದ ಎತ್ತರ 199 ಅಡಿ; 200 ದಾಟಿದರೆ ವಿಮಾನಗಳ ಸಲುವಾಗಿ ನೆತ್ತಿಯ ಮೇಲೆ ದೀಪ ಇಡಬೇಕಾಗುತ್ತದೆ, ಹಿಮಾಲಯದ ಭ್ರಮೆ ಅಲ್ಲಿಗೇ ಮುಗಿಯುತ್ತದೆ. ಅಷ್ಟು ಮುತುವರ್ಜಿಯಿಂದ ಕಟ್ಟಿದ ಬೆಟ್ಟವೇ ಈಗ ಅಡ್ಡಿ. ಯಂತ್ರ ಒಳಗೆ, ಸುತ್ತ ಹಳಿ, ಹೊರಗೆ ಬೆಟ್ಟದ ಚಿಪ್ಪು. ಬುಡ ಮುಟ್ಟಬೇಕಾದರೆ ಜನ ಕ್ಯೂ ನಿಲ್ಲುವ ರೈಡನ್ನು ತಿಂಗಳುಗಟ್ಟಲೆ ಮುಚ್ಚಬೇಕು. ವಿನ್ಯಾಸದ ಮುಂದಾಳು ಜೋ ರೋಡಿ ಅದನ್ನು ಒಂದಲ್ಲ ಒಂದು ದಿನ ಸರಿಮಾಡುವುದಾಗಿ 2013ರಲ್ಲಿ ಅಭಿಮಾನಿಗಳ ಮುಂದೆ ಮಾತು ಕೊಟ್ಟರು. 2021ರ ಆರಂಭದಲ್ಲಿ ಅವರು ನಿವೃತ್ತರಾದಾಗಲೂ ಯೇತಿ ಹಾಗೇ ನಿಂತಿತ್ತು.

ಪ್ರಶ್ನೆ: ಅರ್ಧ ಎಫೆಕ್ಟುಗಳು ಕೆಟ್ಟಿದ್ದರೂ ರೈಡ್ ಓಡಿಸುತ್ತಾರೆ. ಇದು ಅಪಾಯವಲ್ಲವೆ?

ಸಾಮಾನ್ಯವಾಗಿ ಅಲ್ಲ. ರೈಡಿನಲ್ಲಿ ಎರಡು ಮೆದುಳುಗಳಿರುತ್ತವೆ. ಗಾಡಿಯ ವೇಗ, ಬ್ರೇಕು, ಸೀಟಿನ ಅಡ್ಡಪಟ್ಟಿ, ಎರಡು ಗಾಡಿಗಳ ನಡುವಿನ ಅಂತರ ನೋಡಿಕೊಳ್ಳುವುದು ರೈಡ್ ಕಂಟ್ರೋಲ್. ಬೆಳಕು, ಸದ್ದು, ಹೊಗೆ, ಗೊಂಬೆ ನೋಡಿಕೊಳ್ಳುವುದು ಶೋ ಕಂಟ್ರೋಲ್. ಗಾಡಿ ಇಂಥ ಕಡೆ ಬಂತು ಎಂಬ ಸುದ್ದಿ ಮೊದಲನೆಯದರಿಂದ ಎರಡನೆಯದಕ್ಕೆ ಹೋಗುತ್ತದೆ. ಡ್ರ್ಯಾಗನ್ ಬಾಯಿ ತೆರೆಯದಿದ್ದರೂ ಬ್ರೇಕಿಗೆ ಅದರ ಗೊಡವೆ ಇಲ್ಲ.

ಇದಕ್ಕೆ ಹೊರತಾದವೂ ಇವೆ. ಹಳಿಯ ಮೇಲೆ ಚಾಚುವ ತೋಳು, ಬೀಳುವಂತೆ ನಟಿಸುವ ತೊಲೆ, ತೆರೆದುಕೊಳ್ಳುವ ಬಾಗಿಲು: ಇವು ತಮ್ಮ ಜಾಗಕ್ಕೆ ಮರಳಿವೆ ಎಂದು ಸೆನ್ಸರ್ ಹೇಳುವ ತನಕ ಗಾಡಿ ಮುಂದೆ ಹೋಗಬಾರದು. ಬೆಂಕಿಯ ಎಫೆಕ್ಟಿನಲ್ಲಿ ಜ್ವಾಲೆ ಹೊತ್ತಿದೆಯೇ ಎಂದು ನೋಡುವ ಸೆನ್ಸರ್ ಇರುತ್ತದೆ. ಹೊತ್ತದೆ ಅನಿಲ ಮಾತ್ರ ಹೊರಬಂದರೆ ವಾಲ್ವು ತಾನೇ ಮುಚ್ಚಿಕೊಳ್ಳುತ್ತದೆ. ಬಯಲಿನಲ್ಲಾದರೆ ಗಾಳಿ ಜೋರಾದಾಗಲೂ ಬೆಂಕಿ ಆರಿಸಿಬಿಡುತ್ತಾರೆ. ಆ ದಿನ ಹೋದವರು ‘ಬೆಂಕಿ ಕೆಟ್ಟಿದೆ’ ಎಂದುಕೊಂಡು ಬರುತ್ತಾರೆ. ಕೆಟ್ಟಿಲ್ಲ, ಮಾಡಬೇಕಾದ ಕೆಲಸವನ್ನೇ ಮಾಡಿದೆ.

ಪ್ರಶ್ನೆ: ಎಲ್ಲಕ್ಕಿಂತ ಹೆಚ್ಚು ಕೆಡುವುದು ಯಾವುದು, ಯಾಕೆ?

ಸರಾಗವಾಗಿ ಅಲುಗಾಡುವ ದೊಡ್ಡ ಯಂತ್ರಗೊಂಬೆಗಳಲ್ಲಿ ಎಣ್ಣೆಯ ಹರಿವನ್ನು ಅಳೆದು ಬಿಡುವ ಸರ್ವೋ ವಾಲ್ವು ಇರುತ್ತದೆ. ಅದರೊಳಗಿನ ಸಂದು ಕೆಲವೇ ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್. ಕಣ್ಣಿಗೆ ಕಾಣದ ಲೋಹದ ಪುಡಿ ಸಿಕ್ಕಿಕೊಂಡರೂ ಕೈ ನಡುಗುತ್ತದೆ, ಕತ್ತು ಒಂದೇ ಕಡೆ ತಿರುಗಿ ನಿಲ್ಲುತ್ತದೆ. ಗೊಂಬೆ ನಡುಗಿದರೆ ಮೊದಲು ನೋಡಬೇಕಾದ್ದು ಫಿಲ್ಟರು ಮತ್ತು ಎಣ್ಣೆಯ ಶಾಖ. 60 ಡಿಗ್ರಿ ಸೆಲ್ಸಿಯಸ್ ದಾಟಿ ದಿನಗಟ್ಟಲೆ ಓಡಿದರೆ ಎಣ್ಣೆ ಬೇಗ ಹಾಳಾಗಿ, ಒಳಗೆ ಅಂಟು ಕಟ್ಟುತ್ತದೆ. ವಿದ್ಯುತ್ ಮೋಟಾರಿನ ಗೊಂಬೆಗಳಲ್ಲಿ ಎಣ್ಣೆ ಸೋರಿ ಉಡುಪು ಹಾಳಾಗುವ ಕಾಟ ಇಲ್ಲ. ಆದರೆ ಗೇರು ಸವೆದು, ಬೆರಳು ತೋರಿಸಬೇಕಾದ ಕಡೆಗಿಂತ ಒಂದು ಗೇಣು ಆಚೆ ತೋರಿಸತೊಡಗುತ್ತದೆ. ಚರ್ಮ ಸಿಲಿಕಾನ್ ರಬ್ಬರಿನದು. ಮಾತಾಡುವ ಗೊಂಬೆಯ ತುಟಿಯ ಮೂಲೆ, ರೆಪ್ಪೆ ಮೊದಲು ಹರಿಯುತ್ತವೆ.

ಹೊಗೆ ಯಂತ್ರ ತಾನು ಕೆಡುವುದಲ್ಲದೆ ನೆರೆಯವರನ್ನೂ ಕೆಡಿಸುತ್ತದೆ. ಗ್ಲೈಕಾಲ್ ಎಂಬ ರಾಸಾಯನಿಕ ಬೆರೆತ ದ್ರವ ಬಿಸಿಯಾಗಿ ಹೊಗೆಯಾಗುತ್ತದೆ. ಅದರ ಜಿಡ್ಡು ಸೆನ್ಸರಿನ ಕಣ್ಣಿಗೆ, ಪ್ರೊಜೆಕ್ಟರ್ ಲೆನ್ಸಿಗೆ ಮೆತ್ತಿಕೊಳ್ಳುತ್ತದೆ, ನೆಲವೂ ಜಾರುತ್ತದೆ. ತಯಾರಕರು ಹೇಳಿದ್ದನ್ನು ಬಿಟ್ಟು ಅಗ್ಗದ ದ್ರವ ಹಾಕಿದರೆ ಕಾಯಿಸುವ ನಳಿಗೆ ಕಟ್ಟಿಕೊಳ್ಳುತ್ತದೆ. ಕಿವಿಗೆ ಕೇಳದಷ್ಟು ವೇಗವಾಗಿ ಕಂಪಿಸಿ ನೀರಿನ ಮಂಜು ಎಬ್ಬಿಸುವ ಅಲ್ಟ್ರಾಸಾನಿಕ್ ಬಿಲ್ಲೆಗೆ ಗಡಸು ನೀರು ಆಗದು. ಖನಿಜ ತೆಗೆದ ನೀರೇ ಬೇಕು, ನಿಂತ ನೀರನ್ನು ಶುದ್ಧೀಕರಿಸದೆ ಬಳಸಲೇಬಾರದು. ಜನ ಉಸಿರಾಡುವುದು ಅದೇ ಮಂಜನ್ನು.

ಪ್ರೊಜೆಕ್ಟರಿನ ಲೆಕ್ಕ ಸರಳ. ಹಳೆಯ ಬಲ್ಬಿನ ಆಯುಷ್ಯ 2,500 ಗಂಟೆ ಎಂದಾದರೆ, ದಿನಕ್ಕೆ 12 ಗಂಟೆಯಂತೆ ಏಳು ತಿಂಗಳೂ ಬರುವುದಿಲ್ಲ. 20,000 ಗಂಟೆಯ ಲೇಸರ್ ಪ್ರೊಜೆಕ್ಟರ್ ನಾಲ್ಕೂವರೆ ವರ್ಷ ದಾಟುತ್ತದೆ, ಆದರೆ ಬೆಳಕು ಇಷ್ಟಿಷ್ಟೇ ಕುಂದುತ್ತಾ ಬರುವುದರಿಂದ ದಿನಾ ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಗೋಡೆಯ ಉಬ್ಬುತಗ್ಗಿಗೆ ಸರಿಯಾಗಿ ಚಿತ್ರ ಕೂರಿಸುವ ಕಡೆ ಇನ್ನೊಂದು ತಾಪತ್ರಯ: 10 ಮೀಟರ್ ದೂರಕ್ಕೆ 0.1 ಡಿಗ್ರಿ ವಾಲಿದರೂ ಚಿತ್ರ 17 ಮಿಲಿಮೀಟರ್ ಸರಿಯುತ್ತದೆ. ಕಣ್ಣಿನ ಚಿತ್ರ ಹುಬ್ಬಿನ ಮೇಲೆ ಹೋಗಿ ಕೂತರೆ ಹೆದರಬೇಕಾದವರು ನಗುತ್ತಾರೆ.

ಇನ್ನು ಸಮಯ. ಎಫೆಕ್ಟು ಸರಿಯಿದ್ದೂ ಕೆಟ್ಟಂತೆ ಕಾಣುವುದು ಇದರಿಂದಲೇ. ಗಾಡಿ ಸೆಕೆಂಡಿಗೆ 1.5 ಮೀಟರ್ ಹೋಗುತ್ತಿದ್ದರೆ, ಅರ್ಧ ಸೆಕೆಂಡ್ ತಡವಾದರೆ ಭೂತ ಏಳುವಷ್ಟರಲ್ಲಿ ನೀವು 75 ಸೆಂಟಿಮೀಟರ್ ಮುಂದೆ. ಮುಂದಿನ ಸಾಲಿನವರಿಗೆ ಏನೂ ಕಾಣದು, ಹಿಂದಿನವರು ಬೆಚ್ಚಿಬೀಳುತ್ತಾರೆ.

ಪ್ರಶ್ನೆ: ಶುರುವಿನಿಂದಲೇ ಕೆಲಸ ಮಾಡದ ಎಫೆಕ್ಟುಗಳೂ ಇವೆಯೆ?

ಬೇಕಾದಷ್ಟು. 1969ರಲ್ಲಿ ಡಿಸ್ನಿಲ್ಯಾಂಡಿನ ಭೂತಬಂಗಲೆ ರೈಡ್ ‘ಹಾಂಟೆಡ್ ಮ್ಯಾನ್ಷನ್’ ತೆರೆದಾಗ ‘ಹ್ಯಾಟ್‌ಬಾಕ್ಸ್ ಘೋಸ್ಟ್’ ಎಂಬ ಭೂತವಿತ್ತು. ಅದರ ತಲೆ ಕತ್ತಿನಿಂದ ಮಾಯವಾಗಿ ಕೈಯಲ್ಲಿನ ಪೆಟ್ಟಿಗೆಯೊಳಗೆ ಕಾಣಿಸಬೇಕು. ಕತ್ತಿನ ಮೇಲಿನ ದೀಪ ಆರಿಸಿದರೂ ಸುತ್ತಲಿನ ಬೆಳಕಿಗೆ ತಲೆ ಕಾಣುತ್ತಲೇ ಇತ್ತು. ಸ್ವಲ್ಪ ದಿನದಲ್ಲೇ ತೆಗೆದುಹಾಕಿದರು. ಹೊಸ ತಂತ್ರಜ್ಞಾನದೊಂದಿಗೆ ಅದು ಮರಳಿದ್ದು 2015ರಲ್ಲಿ. ಫ್ಲೋರಿಡಾದ ಯೂನಿವರ್ಸಲ್ ಸ್ಟುಡಿಯೋಸ್‌ನಲ್ಲಿ ಯಂತ್ರದ ಶಾರ್ಕ್ ನೀರಿನಿಂದೆದ್ದು ದೋಣಿಯ ಮೇಲೆ ಎರಗುವ ‘ಜಾಸ್’ ರೈಡ್ 1990ರ ಜೂನ್ 7ರಂದು ಪಾರ್ಕಿನ ಜೊತೆಗೇ ತೆರೆದು, ಮೇಲಿಂದ ಮೇಲೆ ಕೈಕೊಟ್ಟು, ಮುಚ್ಚಿ, ಹೊಸದಾಗಿ ಕಟ್ಟಿಸಿಕೊಂಡು 1993ರಲ್ಲಿ ಮತ್ತೆ ತೆರೆಯಿತು. ಭಾರೀ ಯಂತ್ರವನ್ನು ನೀರಿನಡಿ ಓಡಿಸುವುದು ಅಷ್ಟು ಸುಲಭವಲ್ಲ.

ಅದೇ ಹಾಂಟೆಡ್ ಮ್ಯಾನ್ಷನ್ನಿನಲ್ಲಿ ಕುಣಿಯುವ ಭೂತಗಳು ಮಾತ್ರ ಅಂದಿನಿಂದ ಇಂದಿನವರೆಗೂ ಕುಣಿಯುತ್ತಿವೆ. ಅದು 1862ರಲ್ಲಿ ಲಂಡನ್ನಿನಲ್ಲಿ ಜಾನ್ ಹೆನ್ರಿ ಪೆಪ್ಪರ್ ಜನಪ್ರಿಯಗೊಳಿಸಿದ ಉಪಾಯ: ದೊಡ್ಡ ಗಾಜು, ಮರೆಯಲ್ಲಿ ಬೆಳಕು ಬಿದ್ದ ಗೊಂಬೆ, ಗಾಜಿನಲ್ಲಿ ಅದರ ಬಿಂಬ. ಗಾಜು ಒರೆಸಿಟ್ಟು, ಎದುರಿನ ಕತ್ತಲೆ ಕಾಪಾಡಿಕೊಂಡರೆ ಮುಗಿಯಿತು. ಅಲುಗಾಡುವ ಭಾಗ ಕಡಿಮೆ ಇದ್ದಷ್ಟೂ ಆಯುಷ್ಯ ಹೆಚ್ಚು.

ಪ್ರಶ್ನೆ: ಆರು ನಿಮಿಷದ ಸಣ್ಣ ಡಾರ್ಕ್ ರೈಡಿನ (ಕತ್ತಲೆಯ ಕಟ್ಟಡದೊಳಗೆ ಗಾಡಿಯಲ್ಲಿ ಸಾಗುವ ರೈಡು) ನಿರ್ವಹಣೆ ನನ್ನದು. ಬಂದವರು ‘ಅರ್ಧ ಕೆಟ್ಟಿದೆ’ ಎನ್ನುತ್ತಾರೆ. ಎಲ್ಲಿಂದ ಶುರುಮಾಡಲಿ?

ಬಂದವರ ಸೀಟಿನಿಂದ. ಬೆಳಗ್ಗೆ ಕೆಲಸದ ದೀಪಗಳನ್ನೆಲ್ಲ ಆರಿಸಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 10 ನಿಮಿಷ ಬಿಟ್ಟು, ಒಮ್ಮೆ ಮೊದಲ ಸಾಲಿನಲ್ಲಿ, ಒಮ್ಮೆ ಕೊನೆಯ ಸಾಲಿನಲ್ಲಿ ಕೂತು ಹೋಗಿ. ಕೆಲಸದ ದೀಪದಲ್ಲಿ ನಡೆದು ನೋಡಿದವರಿಗೆ ಎಲ್ಲವೂ ಸರಿಯಾಗೇ ಕಾಣುತ್ತದೆ. ಕಂಡ ದೋಷಗಳನ್ನು ಮೂರು ಗುಂಪು ಮಾಡಿ. ಗಾಡಿಯ ದಾರಿಗೆ, ಬೆಂಕಿಗೆ, ತುರ್ತು ದೀಪಕ್ಕೆ ಸಂಬಂಧಿಸಿದ್ದಾದರೆ ಸರಿಯಾಗುವ ತನಕ ತೆರೆಯುವಂತಿಲ್ಲ. ಕಥೆಯೇ ಅರ್ಥವಾಗದಂತೆ ಮಾಡುವುದಾದರೆ ಬದಲಿ ಏರ್ಪಾಡು ಹಾಕಿ, ಆ ರಾತ್ರಿಯೇ ರಿಪೇರಿ. ಉಳಿದದ್ದು ವಾರದ ಪಟ್ಟಿಗೆ.

ಈ ಬದಲಿ ಏರ್ಪಾಡನ್ನೇ ದೊಡ್ಡ ಪಾರ್ಕುಗಳಲ್ಲಿ ‘ಬಿ ಮೋಡ್’ ಎನ್ನುತ್ತಾರೆ. ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಗೊಂಬೆ ನಿಂತುಹೋದರೆ ಅದರ ಮೇಲಿನ ಬೆಳಕನ್ನು ಹಾಗೇ ಬಿಡುತ್ತಾರೆ, ಘರ್ಜನೆಯನ್ನೂ ಹಾಗೇ ಬಿಡುತ್ತಾರೆ. ಕದಲದ ಬಾಯಿಂದ ಘರ್ಜನೆ ಬಂದರೆ ಮಗುವಿಗೂ ಮೋಸ ಗೊತ್ತಾಗುತ್ತದೆ. ಗೊಂಬೆಯ ಬೆಳಕು ಆರಿಸಿ, ಸದ್ದನ್ನು ಬೇರೆ ದಿಕ್ಕಿನ ಸ್ಪೀಕರಿಗೆ ತಿರುಗಿಸಿ, ಗಾಡಿಯ ಬದಿಯಿಂದ ಒಂದು ಗಾಳಿಯ ಊದು ಕೊಡಿ. ಕಾಣದ ಪ್ರಾಣಿ ಕಂಡದ್ದಕ್ಕಿಂತ ಭಯಂಕರ. ಮಿಂಚುಬೆಳಕು ಬಳಸುವುದಾದರೆ ಎಚ್ಚರ: ಸೆಕೆಂಡಿಗೆ 3ಕ್ಕಿಂತ ಹೆಚ್ಚು ಸಲ ಮಿಂಚಿದರೆ, ಬೆಳಕಿನಿಂದ ಮೂರ್ಛೆ ಬರುವ ತೊಂದರೆ ಇರುವವರಿಗೆ ಅಪಾಯ. ಕ್ಯೂ ಶುರುವಾಗುವಲ್ಲೇ ಫಲಕ ಇರಲಿ.

ಗೊಂಬೆಗೆ ಕೈ ಹಾಕುವ ಮುನ್ನ ವಿದ್ಯುತ್ ತೆಗೆದು ಬೀಗ ಹಾಕಿ, ಬೀಗದ ಕೈ ನಿಮ್ಮ ಜೇಬಿನಲ್ಲಿರಲಿ. ಗಾಳಿಯ ಒತ್ತಡ ಬಿಟ್ಟು ಗೇಜು ಸೊನ್ನೆ ತೋರಿಸಿದೆಯೇ ನೋಡಿ. ಎತ್ತಿದ ತೋಳಿಗೆ ಊರೆ ಕೊಡಿ, ಯಾಕೆಂದರೆ ಒತ್ತಡ ಹೋದೊಡನೆ ಅದು ಬೀಳುತ್ತದೆ. ಬಿಡಿಭಾಗಗಳಲ್ಲಿ ಪ್ರತಿ ಬಗೆಯ ಸೆನ್ಸರ್ ಎರಡು, ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ) ವಾಲ್ವಿನ ಕಾಯಿಲು, ನಳಿಗೆಯ ಮೂತಿ, ಸಿಲಿಕಾನ್ ಅಂಟು ಕೈಗೆ ಸಿಗುವಂತಿರಲಿ. ಪುಸ್ತಕದಲ್ಲಿ ದಿನಾಂಕದ ಜೊತೆ ಯಂತ್ರ ಎಷ್ಟು ಸಲ ಓಡಿದೆ ಎಂಬುದನ್ನೂ ಬರೆಯಿರಿ. ಒಂದೇ ಜಾಗದ ಕಾಯಿಲು ಸುಮಾರು ಅಷ್ಟೇ ಸಲ ಓಡಿದ ಮೇಲೆ ಮತ್ತೆ ಮತ್ತೆ ಸುಟ್ಟರೆ, ಕೆಡುವ ಮೊದಲೇ ಬದಲಿಸಬಹುದು.

ಪ್ರಶ್ನೆ: ಎಫೆಕ್ಟು ಕೆಟ್ಟಿದ್ದರೆ ದುಡ್ಡು ವಾಪಸು ಕೇಳಬಹುದೆ?

ಕೇಳಬಹುದು, ಸಿಗುವ ಆಸೆ ಇಟ್ಟುಕೊಳ್ಳಬೇಡಿ. ಟಿಕೆಟ್ಟಿನ ನಿಯಮಗಳಲ್ಲಿ ಆಕರ್ಷಣೆಗಳು ಮುನ್ಸೂಚನೆಯಿಲ್ಲದೆ ಬದಲಾಗಬಹುದು ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಗಾಡಿಯೇ ನಡುದಾರಿಯಲ್ಲಿ ನಿಂತು ಇಳಿಸಿದರೆ ಮತ್ತೆ ಬರಲು ಪಾಸು ಕೊಡುವುದುಂಟು; ಬಾಯಿ ತೆರೆಯದ ಡ್ರ್ಯಾಗನ್ನಿಗೆ ಕೊಡುವುದು ಅಪರೂಪ. ಆದರೆ ಪಾರ್ಕಿನ ಜಾಹೀರಾತಿನಲ್ಲಿ ಅದೇ ಡ್ರ್ಯಾಗನ್ ಬೆಂಕಿ ಉಗುಳುತ್ತಿದ್ದರೆ ನಿಮ್ಮ ಅಸಮಾಧಾನ ಪೂರಾ ನ್ಯಾಯದ್ದೇ. ತಿಂಗಳುಗಟ್ಟಲೆ ನಿಂತಿರುವುದನ್ನು ಭಿತ್ತಿಚಿತ್ರದಿಂದಾದರೂ ಇಳಿಸಬೇಕು.

ಹೊರಬರುವಾಗ ಸಿಬ್ಬಂದಿಗೆ ಹೇಳಿ: ಎಷ್ಟು ಗಂಟೆಗೆ, ಎಷ್ಟನೇ ಗಾಡಿ, ಯಾವ ಸಾಲು, ಯಾವ ದೃಶ್ಯ, ಏನು ಆಗಲಿಲ್ಲ. ‘ಚೆನ್ನಾಗಿರಲಿಲ್ಲ’ ಎಂದರೆ ಯಾರೂ ಏನೂ ಮಾಡಲಾಗದು. ‘ಮೂರು ಗಂಟೆಗೆ ಏಳನೇ ಗಾಡಿಯಲ್ಲಿ ಗುಹೆಯ ಸದ್ದು ಎಡಗಡೆ ಬರಲಿಲ್ಲ’ ಎಂದರೆ, ಆ ಗಾಡಿಯ ಎಡ ಸ್ಪೀಕರಿನ ವೈರು ಸಡಿಲವಾಗಿದೆಯೇ ಎಂದು ಆ ರಾತ್ರಿಯೇ ನೋಡುತ್ತಾರೆ.