40 ಜನರ ಕಂಪನಿಯಲ್ಲಿ ಎಲ್ಲರೂ ಒಪ್ಪಿ ನಡೆಯುವ ಮೌಲ್ಯಗಳನ್ನು ಮುಖ್ಯಸ್ಥರು ಹೇಗೆ ಬೆಳೆಸಬಹುದು?

ನೀವು ಕೇಳಿರೋದು ಎರಡು. ಗೋಡೆ ಮೇಲೆ ಐದು ಮೌಲ್ಯ ಬರೆಸಿದ್ದೀರಿ, ಯಾರೂ ಅದರತ್ತ ತಿರುಗಿ ನೋಡ್ತಿಲ್ಲ, ಏನು ಮಾಡೋದು ಅನ್ನೋದು ಒಂದು. ಹಳಬರು ಬದಲಾಗೋದಿಲ್ಲ, ಹೊಸಬರನ್ನೇ ತಗೋಬೇಕಾ ಅನ್ನೋದು ಇನ್ನೊಂದು. ಎರಡನೆಯದಕ್ಕೆ ನನ್ನ ಉತ್ತರ: ಬೇಡ. ಯಾಕೆ ಅಂತ ಹೇಳಿದರೆ ಮೊದಲನೆಯದಕ್ಕೂ ಉತ್ತರ ಸಿಗುತ್ತದೆ.

ನಾನು ಪೀಣ್ಯದಲ್ಲಿ ಕಾರಿನ ಬಿಡಿಭಾಗ ಮಾಡುವ ಕಡೆ ಕ್ವಾಲಿಟಿ ವಿಭಾಗದಲ್ಲಿ ಬಹಳ ಕಾಲ ಇದ್ದವನು. ನಮ್ಮ ಕಸುಬಿನಲ್ಲಿ ಎಲ್ಲರೂ ಕೇಳಿರುವ ಒಂದು ಪ್ರಸಂಗ ಇದೆ, ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನದು. ಅಲ್ಲಿ ಅಮೆರಿಕದ ಕಾರು ಕಂಪನಿ ಜನರಲ್ ಮೋಟರ್ಸ್‌ನ ಕಾರ್ಖಾನೆ ಇತ್ತು. ಅದರ ಹೆಸರು ಎಷ್ಟು ಕೆಟ್ಟಿತ್ತು ಅಂದರೆ, ದಿನವೂ ಸುಮಾರು ಐದರಲ್ಲಿ ಒಬ್ಬರು ಕೆಲಸಕ್ಕೇ ಬರುತ್ತಿರಲಿಲ್ಲ. ಬಂದವರಲ್ಲೂ ಕೆಲವರು ಕೆಲಸದ ಹೊತ್ತಲ್ಲೇ ಕುಡಿಯುತ್ತಿದ್ದರು. ಮ್ಯಾನೇಜರ್‌ಗಳ ಮೇಲಿನ ಸಿಟ್ಟಿಗೆ ಕಾರಿನ ಬಾಗಿಲೊಳಗೆ ಖಾಲಿ ಬಾಟಲಿ ಇಟ್ಟು ಮುಚ್ಚಿಬಿಡುವವರೂ ಇದ್ದರು, ಕಾರು ಕೊಂಡವನಿಗೆ ಜೀವನಪೂರ್ತಿ ಗಡಗಡ ಸದ್ದು! 1982ರಲ್ಲಿ ಕಂಪನಿ ಅದನ್ನು ಮುಚ್ಚಿತು.

1984ರಲ್ಲಿ ಅದೇ ಕಟ್ಟಡ ಮತ್ತೆ ತೆರೆಯಿತು. ಈ ಸಲ ಜನರಲ್ ಮೋಟರ್ಸ್ ಜೊತೆ ಟೊಯೋಟಾ ಕೈಜೋಡಿಸಿತ್ತು, ಕಾರ್ಖಾನೆ ನಡೆಸುವ ಜವಾಬ್ದಾರಿ ಟೊಯೋಟಾದ್ದು. ಹೆಸರು ನುಮ್ಮಿ. ಕೆಲಸಕ್ಕೆ ತಗೊಂಡವರಲ್ಲಿ ಹೆಚ್ಚಿನವರು ಅದೇ ಹಳೇ ಕಾರ್ಮಿಕರು. ಯೂನಿಯನ್ ಕೂಡ ಅದೇ. ಒಂದೆರಡು ವರ್ಷದಲ್ಲಿ ಅಲ್ಲಿಂದ ಹೊರಬಂದ ಕಾರುಗಳು ಗುಣಮಟ್ಟದಲ್ಲಿ ಜಪಾನಿನ ಕಾರುಗಳ ಹತ್ತಿರಕ್ಕೆ ಬಂದವು. ಗೈರುಹಾಜರಿ ಶೇಕಡಾ ಒಂದಂಕಿಗೆ ಇಳಿಯಿತು. ಹಳಬರು ಬದಲಾಗೋದಿಲ್ಲ ಅಂದಿರಲ್ಲ, ಅದಕ್ಕೇ ಇದನ್ನು ಇಷ್ಟುದ್ದ ಹೇಳಿದೆ.

ಹಾಗಾದರೆ ಬದಲಾಗಿದ್ದು ಏನು? ಮುಖ್ಯವಾಗಿ ಒಂದು ಹಗ್ಗ. ಮೊದಲು ಅಲ್ಲಿದ್ದ ಕಟ್ಟಳೆ, ಏನೇ ಆದರೂ ಲೈನ್, ಅಂದರೆ ಕಾರು ಒಂದೊಂದೇ ಹಂತ ದಾಟಿ ಜೋಡಣೆಯಾಗುವ ಸಾಲು, ನಿಲ್ಲಿಸಬಾರದು. ಬೋಲ್ಟ್ ತಪ್ಪಾಗಿ ಕೂತರೂ ಕಾರು ಮುಂದೆ ಹೋಗಲಿ, ಕೊನೆಗೆ ಅಂಗಳದಲ್ಲಿ ಸರಿ ಮಾಡಿಕೊಂಡರಾಯಿತು ಅಂತ. ಟೊಯೋಟಾ ಲೈನ್ ಉದ್ದಕ್ಕೂ ಹಗ್ಗ ಕಟ್ಟಿತು. ಅದರ ಹೆಸರು ಆಂಡಾನ್ ಹಗ್ಗ. ತೊಂದರೆ ಕಂಡ ಯಾವ ಕಾರ್ಮಿಕನಾದರೂ ಅದನ್ನು ಎಳೆಯಬಹುದು. ಎಳೆದ ಕೂಡಲೇ ಲೈನ್ ನಿಲ್ಲೋದಿಲ್ಲ. ದೀಪ ಹತ್ತುತ್ತದೆ, ಟೀಮ್ ಲೀಡರ್ ಓಡಿ ಬರುತ್ತಾನೆ. ಅಷ್ಟರಲ್ಲಿ ಸರಿಹೋದರೆ ಕಾರು ಮುಂದೆ ಸಾಗುತ್ತದೆ, ಇಲ್ಲದಿದ್ದರೆ ಲೈನ್ ನಿಲ್ಲುತ್ತದೆ. ಲೈನ್ ನಿಂತರೆ ದುಡ್ಡು ಹೋಗುತ್ತದೆ. ಆದರೂ ಬೈಗುಳ ಇಲ್ಲ. ಬಂದವನು ಕೇಳೋದು ಏನಾಯ್ತು, ಹೇಗೆ ಸರಿ ಮಾಡೋಣ ಅಂತ. ಇದನ್ನು ಕಣ್ಣಾರೆ ನೋಡಲಿ ಅಂತಲೇ ಫ್ರೀಮಾಂಟ್‌ನಿಂದ ತಂಡತಂಡವಾಗಿ ಜನರನ್ನು ಜಪಾನಿನ ಟಕಾವೋಕಾ ಕಾರ್ಖಾನೆಗೆ ಕಳಿಸಿದ್ದರು.

ಇನ್ನೊಂದು, ಕೆಲಸದ ಭದ್ರತೆ. ಕಂಪನಿಯ ಉಳಿವಿಗೇ ಕುತ್ತು ಬರುವಂಥ ಪರಿಸ್ಥಿತಿ ಬಂದ ಹೊರತು ಯಾರನ್ನೂ ತೆಗೆಯೋದಿಲ್ಲ, ತೆಗೆಯುವ ಮೊದಲು ಮೇಲಿನವರ ಸಂಬಳ ಕಡಿತ ಮಾಡುತ್ತೇವೆ ಅಂತ ಯೂನಿಯನ್ ಜೊತೆಗಿನ ಒಪ್ಪಂದದಲ್ಲೇ ಬರೆದಿದ್ದರು. 1980ರ ದಶಕದ ಕೊನೆಯ ಹೊತ್ತಿಗೆ ಅಲ್ಲಿ ತಯಾರಾಗುತ್ತಿದ್ದ ಷೆವ್ರಲೆ ನೋವಾ ಕಾರಿಗೆ ಗಿರಾಕಿಗಳೇ ಕಡಿಮೆಯಾದರು. ಆಗ ಯಾರನ್ನೂ ಮನೆಗೆ ಕಳಿಸಲಿಲ್ಲ. ಕೆಲಸ ಇಲ್ಲದವರಿಗೆ ತರಬೇತಿ ಕೊಟ್ಟರು, ಲೈನ್ ಸುಧಾರಿಸುವ ಕೆಲಸಕ್ಕೆ ಹಚ್ಚಿದರು. ಕಾರ್ಮಿಕರು ಟೊಯೋಟಾವನ್ನು ನಿಜವಾಗಿ ನಂಬಿದ್ದು ಆಗಲೇ ಅಂತ ನನ್ನ ಲೆಕ್ಕ. ಸಾಹೇಬರಿಗೆ ಬೇರೆ ಕ್ಯಾಂಟೀನ್, ಬೇರೆ ಪಾರ್ಕಿಂಗ್ ಇರೋದನ್ನೂ ತೆಗೆದುಹಾಕಿದ್ದರು. ಅದು ಒಳ್ಳೇದೇ. ಆದರೆ ನಮ್ಮ ಕಡೆ ಎಷ್ಟೋ ಕಂಪನಿಗಳು ಅಷ್ಟನ್ನು ಮಾಡಿ ನಿಲ್ಲಿಸಿಬಿಡುತ್ತವೆ, ಅದಕ್ಕೆ ಖರ್ಚು ಕಡಿಮೆ ನೋಡಿ.

ನುಮ್ಮಿಯ ಈ ಪದ್ಧತಿಯನ್ನೇ ಜನರಲ್ ಮೋಟರ್ಸ್ ಲಾಸ್ ಏಂಜಲೀಸ್‌ನ ವ್ಯಾನ್ ನೈಸ್ ಕಾರ್ಖಾನೆಯಲ್ಲೂ ತರಲು ನೋಡಿತು. ಟೀಮ್ ಪದ್ಧತಿ ಬಂತು, ಹೆಸರುಗಳೂ ಬಂದವು. ಆದರೆ ಎಷ್ಟು ಕಾರು ಹೊರಗೆ ಹೋಯಿತು ಅನ್ನೋದರ ಮೇಲೇ ಮ್ಯಾನೇಜರ್‌ಗಳ ಬೋನಸ್ ನಿಂತಿತ್ತು. ಹಾಗಿರುವಾಗ ಲೈನ್ ನಿಲ್ಲಿಸಿ ಅಂತ ಯಾವ ಮ್ಯಾನೇಜರ್ ಹೇಳ್ತಾನೆ? ಕಾರ್ಮಿಕರಿಗೂ ಅವರ ಮೇಲೆ ನಂಬಿಕೆ ಇರಲಿಲ್ಲ. 1992ರಲ್ಲಿ ಅದು ಮುಚ್ಚಿತು. ಟೊಯೋಟಾ ಅಂದರೆ ಮಾಯಾಮಂತ್ರ ಅಂತಲೂ ತಿಳಿಯಬೇಡಿ. ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲೇ 2014ರಲ್ಲಿ, 2020ರಲ್ಲಿ ಜಗಳವಾಗಿ ಲಾಕೌಟ್ ಆಗಿತ್ತು, ನಿಮಗೂ ನೆನಪಿರಬಹುದು.

ಈಗ ನಿಮ್ಮ ಗೋಡೆಗೆ ಬರೋಣ. ಐದರಲ್ಲಿ ನಾಲ್ಕನ್ನು ಅಳಿಸಿ ಅಂತ ನನ್ನ ಸಲಹೆ. ‘ಪಾರದರ್ಶಕತೆ’ ಅಂತ ಬರೆಸಿದ್ದೀರಲ್ಲ, ಅದೊಂದನ್ನೇ ಇಟ್ಟುಕೊಳ್ಳಿ. ನಿಮ್ಮ ಕಂಪನಿಯಲ್ಲಿ ಹಗ್ಗ ಎಲ್ಲಿದೆ ಅಂತ ಹುಡುಕಿ. ಶುಕ್ರವಾರ ಸಂಜೆ ಗಿರಾಕಿಗೆ ಕಳಿಸಬೇಕಾದ ಕೆಲಸದಲ್ಲಿ ತಪ್ಪಿದೆ ಅಂತ, ಸೇರಿ ಆರು ತಿಂಗಳೂ ಆಗದ ಹುಡುಗಿಗೆ ಗೊತ್ತಾಯಿತು ಅಂದುಕೊಳ್ಳಿ. ಅವಳು ಯಾರಿಗೆ ಹೇಳಬೇಕು? ಹೇಳಿದರೆ ಅವಳ ಮೇಲಿನವರು ಮುಖ ಗಂಟು ಹಾಕಿಕೊಳ್ತಾರಾ? ಕಳಿಸೋದನ್ನು ತಡೆಯುವ ಅಧಿಕಾರ ಅವಳಿಗಿದೆಯಾ? ಇದಕ್ಕೆಲ್ಲ ಉತ್ತರ ನಿಮಗೇ ಗೊತ್ತಿಲ್ಲದಿದ್ದರೆ, ಅವಳು ಸುಮ್ನೆ ಇದ್ದುಬಿಡ್ತಾಳೆ. ಅವಳನ್ನು ದೂರಿ ಏನು ಬಂತು?

ಅಧಿಕಾರ ಕೊಡಿ. ಅವಳು ಮೊದಲ ಸಲ ತಡೆದಾಗ ಗಿರಾಕಿಗೆ ನೀವೇ ಫೋನ್ ಮಾಡಿ, ಸೋಮವಾರ ಕೊಡ್ತೀವಿ ಅಂತ ಹೇಳಿ. ಆ ಫೋನ್ ಬೇರೆ ಯಾರ ತಲೆಗೂ ಕಟ್ಟಬೇಡಿ. 40 ಜನರ ಆಫೀಸು, ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲರಿಗೂ ಸುದ್ದಿ ಮುಟ್ಟಿರುತ್ತದೆ.

ಆಮೇಲೆ ಬೋನಸ್ ಮತ್ತು ಪ್ರಮೋಷನ್ ಪಟ್ಟಿ ತೆಗೆದು ನೋಡಿ. ತಪ್ಪು ಮುಚ್ಚಿಟ್ಟು ಟಾರ್ಗೆಟ್ ಮುಟ್ಟಿಸಿದವರು ಅದರಲ್ಲಿ ಮೇಲಿದ್ದಾರಾ? ಇದ್ದರೆ ಮೊದಲು ಅದನ್ನು ಸರಿ ಮಾಡಿ. ಬಹುಶಃ ನಿಮಗೆ ತುಂಬಾ ಬೇಕಾದ, ಜಾಸ್ತಿ ಬಿಸಿನೆಸ್ ತರುವ ಒಬ್ಬರ ಜೊತೆ ಕೂತು ಮಾತಾಡಬೇಕಾಗಬಹುದು. ಅವರು ಬಿಟ್ಟು ಹೋಗುವ ಸಾಧ್ಯತೆಯೂ ಇದೆ. ಅದಕ್ಕೆ ತಯಾರಿಲ್ಲ ಅಂದರೆ ಪಟ್ಟಿಯನ್ನು ಹಾಗೇ ಬಿಡಿ, ಜೊತೆಗೆ ಗೋಡೆಗೂ ಸುಣ್ಣ ಹೊಡೆಸಿಬಿಡಿ.