ಮಷಿನ್ ಮಾರಬೇಕೆಂದು ಬಂದ ಶಿಕ್ಷಕಿ: ಒಂದು ಆಪ್ತಸಲಹೆ ಪ್ರಕರಣ

ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಮನೆ, ನೌಕರಿಯ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಬಾಗಲಕೋಟೆಯ ನವನಗರದ ಆ ಶಿಕ್ಷಕಿ ನನ್ನೆದುರು ಕೂತು ಮೊದಲು ಎತ್ತಿದ್ದು ನಿದ್ದೆಯ ಮಾತನ್ನಲ್ಲ, ಭುಜದ ನೋವನ್ನೂ ಅಲ್ಲ. "ಹೊಲಿಗಿ ಮಷಿನ್ ಮಾರಿಬಿಡ್ಬೇಕಂತ ಮಾಡೇನ್ರಿ. ಮಾರ್ಲ್ಯೋ ಬ್ಯಾಡೋ, ಅಷ್ಟ ಹೇಳ್ರಿ ಸಾಕು" ಅಂದರು.

ವಯಸ್ಸು 41. ಗಂಡನಿಗೆ ಖಾಸಗಿ ನೌಕರಿ, ಮಗ ಪಿಯುಸಿ, ಜೊತೆಗೆ ಅತ್ತೆ. ನಾಲ್ಕು ತಿಂಗಳಿಂದ ರಾತ್ರಿ ಎರಡಕ್ಕೋ ಮೂರಕ್ಕೋ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಮಗನ ಮೇಲೆ ಸಣ್ಣಪುಟ್ಟದ್ದಕ್ಕೂ ಸಿಡುಕು. ಡಾಕ್ಟರು ಥೈರಾಯ್ಡ್, ಬಿ12 ನೋಡಿಸಿದ್ದರು, ಎರಡೂ ಸರಿ ಇದ್ದವು. ನಾನೂ ಖಿನ್ನತೆಯ ಪ್ರಶ್ನಾವಳಿ ಇಟ್ಟುಕೊಂಡು ಕೇಳಿದೆ. ಶಾಲೆಗೆ ಹೋಗಲು ಉತ್ಸಾಹವಿದೆ, ಊಟ ಸೇರುತ್ತದೆ, ಗೆಳತಿಯರ ಜೊತೆ ನಗು ಇದೆ. ಮಷಿನ್ ಇರುವ ಕೋಣೆಗೆ ಕಾಲಿಟ್ಟಾಗ ಮಾತ್ರ ಹೊಟ್ಟೆಯಲ್ಲಿ ಕಸಿವಿಸಿ. "ಮದ್ಲ ಹೊಲ್ಯಾಕ ಕುಂತ್ರ ಹೊತ್ತ ಹೋಗೂದ ತಿಳೀತಿರಲಿಲ್ರಿ. ಈಗ ಆ ಖೋಲಿ ಬಾಗ್ಲಾನೂ ತಗ್ಯಾಂಗಿಲ್ಲ."

ಆ "ಮದ್ಲ" ಅನ್ನುವುದನ್ನು ನಾನು ಬಿಡಿಸಿ ಬಿಡಿಸಿ ಕೇಳಿದೆ.

2020ರಲ್ಲಿ ಲಾಕ್‌ಡೌನ್ ಆಗಿ ಶಾಲೆ ಮುಚ್ಚಿದಾಗ ಮಾಸ್ಕ್ ಹೊಲಿಯಲು ಅತ್ತೆಯ ಹಳೆಯ ಕಾಲಿನ ಮಷಿನ್ ಹೊರಗೆ ಬಂತು. ಮಾಸ್ಕ್ ಮುಗಿದ ಮೇಲೆ ತನಗೊಂದು ಕುರ್ತಾ ಹೊಲಿದುಕೊಳ್ಳುವ ಆಸೆಯಾಯಿತು. ಅಂಗಡಿಯ ರೆಡಿಮೇಡ್ ಕುರ್ತಾ ಇವರಿಗೆ ಯಾವತ್ತೂ ಕೂತಿಲ್ಲ. ಭುಜ ಸರಿಹೋದರೆ ತೋಳು ಬಿಗಿ, ತೋಳು ಸರಿಹೋದರೆ ಕುತ್ತಿಗೆ ಜಾರುತ್ತದೆ. ಹಳೆಯದೊಂದರ ಹೊಲಿಗೆ ಬಿಚ್ಚಿ, ಭಾಗಗಳನ್ನು ಪೇಪರಿನ ಮೇಲೆ ಹಾಸಿ ಗೆರೆ ಎಳೆದು, ಅದನ್ನೇ ಅಳತೆಯಾಗಿ ಇಟ್ಟುಕೊಂಡರು. ಮೊದಲ ಕುರ್ತಾದಲ್ಲಿ ಮುಂದಿನ ಕುತ್ತಿಗೆಯ ಆಳವನ್ನೇ ಹಿಂದೆಯೂ ಕತ್ತರಿಸಿಬಿಟ್ಟಿದ್ದರು. ಬಟ್ಟೆ ಹಾಳಾಯಿತೆಂದು ಒಂದು ದಿನ ಮೂಲೆಗಿಟ್ಟು, ಮರುದಿನ ಹಳೆಯ ಕುಪ್ಪಸದಿಂದ ಗುಳೇದಗುಡ್ಡ ಖಣದ ತುಂಡು ತೆಗೆದು ಬೆನ್ನಿಗೆ ಜೋಡಿಸಿದರು. ಕಡುನೀಲಿ ಹತ್ತಿ ಬಟ್ಟೆಯ ಮೇಲೆ ಅಂಗೈಯಗಲದ ಕೆಂಪು ಖಣ. ಶಾಲೆ ತೆರೆದ ಮೇಲೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದ್ದು ಆ ಬೆನ್ನಿನ ತುಂಡನ್ನೇ. ಇದನ್ನು ಹೇಳುವಾಗ ಅವರ ಕೈ ಗಾಳಿಯಲ್ಲಿ ಕುತ್ತಿಗೆಯ ಗೆರೆ ಎಳೆಯುತ್ತಿತ್ತು. ಮಷಿನ್ ಮಾರಲು ಹೊರಟವರ ಕೈ ಅದಲ್ಲ ಎಂದು ನನಗೆ ಆಗಲೇ ಅನಿಸಿತು.

ಆಮೇಲೆ ಶುರುವಾಗಿದ್ದು "ನನಗೂ ಒಂದು". ಮೊದಲು ಗೆಳತಿಗೆ, ನಂತರ ನಾದಿನಿಗೆ, ನಂತರ ಪಕ್ಕದ ಮನೆಯವರಿಗೆ. ಫಾಲ್ ಹಚ್ಚಿಕೊಡು, ತೋಳು ಸಡಿಲು ಮಾಡು, ಅಸ್ತರ್ ಹಾಕಿ ಬ್ಲೌಸ್ ಹೊಲಿ. ಹಳೇ ಬಟ್ಟೆ ಪದರ ಪದರವಾಗಿ ಜೋಡಿಸುವ ಹೊದಿಕೆ, ಅಂದರೆ ಕೌದಿ, ಹೊಲಿಯಲು ಬರುತ್ತದೆ ಎಂದು ಗೊತ್ತಾದ ಮೇಲೆ ಮೊಮ್ಮಗುವಿಗೆ ಪುಟ್ಟ ಕೌದಿ ಕೇಳುವವರೂ ಬಂದರು. ಗಂಡ ಖುಷಿಯಿಂದ ಮೋಟಾರ್ ಮಷಿನ್ ತಂದುಕೊಟ್ಟರು. ತಿಂಗಳಿಗೆ ಎಷ್ಟು ಬ್ಲೌಸ್ ಆದರೆ ಎಷ್ಟು ಉಳಿಯುತ್ತದೆ ಎಂದು ಡೈರಿಯಲ್ಲಿ ಲೆಕ್ಕವನ್ನೂ ಬರೆದರು.

ಇಲ್ಲಿ ನನ್ನದೊಂದು ತಪ್ಪಿದೆ. ಬಿಟ್ಟಿ ಕೆಲಸವೇ ಇವರನ್ನು ಹಣ್ಣು ಮಾಡುತ್ತಿದೆ ಎಂದು ತಿಳಿದು, "ದರ ನಿಗದಿ ಮಾಡಿ, ಬರುವವರು ತಾವಾಗಿಯೇ ಕಡಿಮೆಯಾಗುತ್ತಾರೆ" ಎಂದು ಮೊದಲ ಭೇಟಿಯಲ್ಲಿ ಹೇಳಿ ಕಳಿಸಿದೆ. ಮೂರು ವಾರ ಬಿಟ್ಟು ಬಂದಾಗ ಕಣ್ಣ ಕೆಳಗಿನ ಕಪ್ಪು ಹೆಚ್ಚಾಗಿತ್ತು. ದರ ಹೇಳಿದ್ದಕ್ಕೆ ಯಾರೂ ಹಿಂದೆ ಸರಿದಿರಲಿಲ್ಲ. ಅವರ ಕೆಲಸ ಅಷ್ಟು ಅಚ್ಚುಕಟ್ಟು. ರೊಕ್ಕ ಕೊಟ್ಟವರು ತಾರೀಖು ಕೇಳತೊಡಗಿದ್ದರು. ಮೊದಲು ದಾಕ್ಷಿಣ್ಯ ಒಂದೇ ಇತ್ತು. ನನ್ನ ಸಲಹೆಯಿಂದ ಅದರ ಮೇಲೆ ಜವಾಬ್ದಾರಿಯೂ ಕೂತಿತು. ನಾನು ಕೇಳಬೇಕಿದ್ದ ಪ್ರಶ್ನೆ ಬೇರೆಯೇ ಇತ್ತು: ಇವರಿಗೆ ದರ್ಜಿಯಾಗುವ ಆಸೆ ಇದೆಯೇ? ಎರಡನೇ ಭೇಟಿಯಲ್ಲಿ ಕ್ಷಮೆ ಕೇಳಿ ಅದನ್ನೇ ಕೇಳಿದೆ. ತುಸು ಹೊತ್ತು ಸುಮ್ಮನಿದ್ದರು. "ಇಲ್ರಿ. ಆದ್ರ ರೊಕ್ಕಾ ಬರೂ ವಿದ್ಯಾ ಸುಮ್ನ ಕೈಯಾಗ ಇಟ್ಕೊಂಡ್ರ ಮಂದಿ ಏನಂತಾರ?"

ಅವರು ಶಿಕ್ಷಕಿಯಾದ್ದರಿಂದ ಮಕ್ಕಳದೊಂದು ಅಧ್ಯಯನದ ಕಥೆ ಹೇಳಿದೆ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಅಮೆರಿಕದ ಸಂಶೋಧಕರು ಚಿತ್ರ ಬಿಡಿಸುವುದೆಂದರೆ ಪ್ರಾಣ ಬಿಡುವ ನರ್ಸರಿ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ "ಚಿತ್ರ ಬಿಡಿಸಿದರೆ ಬಹುಮಾನದ ಪತ್ರ ಕೊಡುತ್ತೇವೆ" ಎಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊಟ್ಟರು, ಉಳಿದವರಿಗೆ ಏನೂ ಕೊಡಲಿಲ್ಲ. ಒಂದೆರಡು ವಾರ ಬಿಟ್ಟು ನೋಡಿದರೆ, ಬಹುಮಾನಕ್ಕಾಗಿಯೇ ಬಿಡಿಸಿದ ಮಕ್ಕಳು ಆಟದ ಹೊತ್ತಿನಲ್ಲಿ ಬಣ್ಣದ ಪೆನ್ನು ಹಿಡಿದ ಸಮಯ ಉಳಿದವರ ಅರ್ಧದಷ್ಟಾಗಿತ್ತು. ಹೇಳದೆ ಬಹುಮಾನ ಪಡೆದ ಮಕ್ಕಳಿಗೆ ಹಾಗೆ ಆಗಿರಲಿಲ್ಲ. ಶಿಕ್ಷಕಿ ತಟ್ಟನೆ, "ನನ್ನ ಕ್ಲಾಸಿನ್ಯಾಗೂ ಹಿಂಗ ಆಗೈತ್ರಿ" ಎಂದು ರಂಗೋಲಿ ಸ್ಪರ್ಧೆಯ ನಂತರ ರಂಗೋಲಿಯನ್ನೇ ಬಿಟ್ಟ ಹುಡುಗಿಯೊಬ್ಬಳ ವಿಷಯ ಹೇಳಿದರು.

ಒಂದು ಮಾತು ಸ್ಪಷ್ಟವಾಗಿರಲಿ. ಹೊಲಿಗೆಯಿಂದ ದುಡಿಯುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಒಂದೇ ಮಷಿನ್ ನಂಬಿ ಮಕ್ಕಳನ್ನು ಓದಿಸಿದ ತಾಯಂದಿರು ನಮ್ಮ ಓಣಿ ಓಣಿಯಲ್ಲಿದ್ದಾರೆ. ಅಂಥವರು ಇದೇ ಭುಜನೋವು ಹೇಳಿಕೊಂಡು ಬಂದರೆ ದರ, ಮುಂಗಡ, ರಜೆಯ ದಿನ ಇವುಗಳ ಬಗ್ಗೆಯೇ ಮಾತಾಡುತ್ತೇನೆ. ಇವರ ಕಥೆ ಬೇರೆ. ಇವರಿಗೆ ಸಂಬಳವಿತ್ತು, ಇಲ್ಲದೇ ಹೋಗಿದ್ದು ತಮಗಾಗಿ ಕೂರುವ ಒಂದು ಜಾಗ.

ಕೊಟ್ಟ ಮೊದಲ ಕೆಲಸ ಪಟ್ಟಿ ಮಾಡುವುದು. ಕಪಾಟಿನಲ್ಲಿ ಇರುವ ಪ್ರತಿ ಬಟ್ಟೆಯ ಎದುರು ಯಾರದು, ಯಾವಾಗ ಒಪ್ಪಿಕೊಂಡದ್ದು, ಒಪ್ಪಿಕೊಳ್ಳುವಾಗ ಮನಸ್ಸಿಗೆ ಏನನಿಸಿತು, ಇಷ್ಟು ಬರೆಯಬೇಕು. ಬರೆದು ತಂದರು. ಕ್ಯಾರಿಬ್ಯಾಗಿನಲ್ಲಿ ಅಳತೆ ಬ್ಲೌಸ್ ಸಮೇತ ಸುತ್ತಿಟ್ಟಿದ್ದ 23 ಗಂಟುಗಳು. ಹದಿನೇಳರ ಎದುರು "ಇಲ್ಲ ಅನ್ನಾಕ ಬಾಯಿ ಬರಲಿಲ್ಲ" ಎಂದಿತ್ತು. ತಮ್ಮದೆಂದು ಇದ್ದದ್ದು ಒಂದೇ, ಅದನ್ನೂ ಕೊನೆಯಲ್ಲಿ ಪೆನ್ಸಿಲಿನಿಂದ ಬರೆದಿದ್ದರು: "ಅವ್ವನ ಟ್ರಂಕು".

ಟ್ರಂಕಿನ ಸಂಗತಿ ಆಮೇಲೆ ಹೇಳುತ್ತೇನೆ. ಮೊದಲು ಗಂಟುಗಳು. ಮದುವೆ, ಸೀಮಂತ ಎಂದು ತಾರೀಖು ಇದ್ದ ಐದನ್ನು ಮಾತ್ರ ಮುಗಿಸುವುದು, ಉಳಿದವನ್ನು ಹತ್ತು ದಿನದೊಳಗೆ ಹಿಂದಿರುಗಿಸುವುದು ಎಂದು ತೀರ್ಮಾನಿಸಿದೆವು. ಹೇಗೆ ಹಿಂದಿರುಗಿಸುವುದು ಎನ್ನುವುದರ ಮೇಲೆ ಒಂದಿಡೀ ಭೇಟಿ ಕಳೆದೆವು. "ಮಷಿನ್ ಕೆಟ್ಟೈತಿ ಅಂತೀನ್ರಿ" ಅಂದರು. ಬೇಡ ಎಂದೆ. ನೆಪ ಹೇಳಿದರೆ ಎದುರಿನವರು ಅದಕ್ಕೊಂದು ಪರಿಹಾರ ಹುಡುಕುತ್ತಾರೆ: "ಇರ್ಲಿ ಬಿಡ್ರಿ, ರಿಪೇರಿ ಆದಮ್ಯಾಲ ಹೊಲೀರಿ." ಭುಜನೋವು ಎಂದರೆ "ಅವಸರಾ ಏನಿಲ್ಲ" ಅನ್ನುತ್ತಾರೆ. ಅದಕ್ಕೇ ಕಾರಣವಿಲ್ಲದ ಎರಡು ಸಾಲು ಕಟ್ಟಿದೆವು: "ನಾ ಹೊರಗಿನ ಹೊಲಿಗಿ ಬಿಟ್ಟೇನ್ರಿ. ನಮ್ಮ ಓಣಿ ತುದಿಗೆ ಚಲೋ ಹೊಲಿಯವ್ರು ಅದಾರ, ಅವರ ಕಡೆ ಕೊಡ್ರಿ." ಅಭ್ಯಾಸಕ್ಕೆಂದು ನಾನು ಪಕ್ಕದ ಮನೆಯವಳಾಗಿ ನಟಿಸಿ ಒತ್ತಾಯ ಮಾಡಿದೆ, ಮುನಿಸಿಕೊಂಡೆ, "ನಿಮ್ಮಷ್ಟು ಚಂದ ಯಾರೂ ಹೊಲಿಯೂದಿಲ್ಲ" ಎಂದು ಹೊಗಳಿದೆ. ಹೊಗಳಿಕೆಗೇ ಅವರು ನಾಲ್ಕು ಸಲ ಸೋತರು. ಐದನೆಯ ಸಲ ಅದೇ ಎರಡು ಸಾಲನ್ನು ಮೆತ್ತಗೆ, ನಗುತ್ತ, ಪೂರ್ತಿ ಹೇಳಿದರು. ಓಣಿ ತುದಿಯ ಆ ಮಹಿಳೆಗೆ ಹೊಲಿಗೆಯೇ ಹೊಟ್ಟೆಪಾಡು. ಕೆಲಸ ಅಲ್ಲಿಗೆ ಹೋಗುತ್ತದೆ ಎಂಬುದೂ ಇವರ ಅಳುಕನ್ನು ಕಡಿಮೆ ಮಾಡಿತು. ಹೇಳಿದ ಮೇಲೆ ಮುನಿಸಿಕೊಂಡವರು ಒಬ್ಬರೇ, ನಾದಿನಿ. ಆ ಮುನಿಸು ಈಗಲೂ ಇದೆ. ಅದನ್ನು ಸರಿಮಾಡಲು ಒಂದು ಬ್ಲೌಸ್ ಒಪ್ಪಿಕೊಳ್ಳಬೇಡಿ ಎಂದಿದ್ದೇನೆ.

ಗಂಡನನ್ನು ಒಮ್ಮೆ ಕರೆಸಿದೆ. ಒಳ್ಳೆಯ ಮನುಷ್ಯ. ಡೈರಿಯ ಲೆಕ್ಕದ ಹಿಂದೆ ಇದ್ದದ್ದು ಮಗನ ಮುಂದಿನ ಓದಿನ ಖರ್ಚಿನ ಭಯ, ಅದನ್ನು ಹೆಂಡತಿಗೆ ಬಾಯಿಬಿಟ್ಟು ಹೇಳಿರಲಿಲ್ಲ. ಆ ಭಾರವನ್ನೆಲ್ಲ ಒಂದು ಹೊಲಿಗೆ ಮಷಿನ್ ಹೊರಬೇಕಾಗಿತ್ತು. ಸಾಲ, ಉಳಿತಾಯದ ಮಾತನ್ನು ಬೇರೆಯಾಗಿ, ಇಬ್ಬರೂ ಕೂತು ಆಡಿ ಎಂದೆ. ಹೊಲಿಗೆಗೆ ತಿಂಗಳಿಗೆ ಇಂತಿಷ್ಟು ಎಂದು ತೆಗೆದಿಡಲೂ ಹೇಳಿದೆ. ಬೇರೆಯವರು ಪ್ರವಾಸಕ್ಕೋ ಸಿನಿಮಾಕ್ಕೋ ತೆಗೆದಿಡುವ ಹಾಗೆ, ವಾಪಸ್ ಬರಬೇಕಾಗಿಲ್ಲದ ದುಡ್ಡು ಅದು. ಅವರು ಹೆಂಡತಿಯ ಕಡೆ ತಿರುಗಿ, "ನಿನಗ ಇಷ್ಟ ಐತಿ ಅಂತ ತಿಳಿದಿದ್ದೆ" ಅಂದರು. "ಇಷ್ಟ ಐತಿ. ಅದಕ್ಕ ಬ್ಯಾಡಾಗೈತಿ" ಎಂದು ಆಕೆ ಕೊಟ್ಟ ಉತ್ತರವನ್ನು ನಾನು ಕೇಸ್ ಟಿಪ್ಪಣಿಯಲ್ಲಿ ಹಾಗೇ ಬರೆದುಕೊಂಡೆ.

ಇನ್ನು ಟ್ರಂಕು. ಅವರ ತವರು ಹಳೇ ಬಾಗಲಕೋಟೆ. ಆಲಮಟ್ಟಿ ಹಿನ್ನೀರಿಗೆ ಹೋದ ಮನೆಗಳಲ್ಲಿ ಅದೂ ಒಂದು. ನವನಗರಕ್ಕೆ ಬರುವಾಗ ಅವ್ವ ಬಾಗಿಲು ಚೌಕಟ್ಟು ಬಿಟ್ಟರೂ ಸೀರೆಯ ಟ್ರಂಕು ಬಿಟ್ಟಿರಲಿಲ್ಲ. ಅವ್ವ ತೀರಿ ಆರು ವರ್ಷ. ಒಳಗೆ ಏಳು ಇಳಕಲ್ ಸೀರೆ. ಅವುಗಳಿಂದ ಒಂದು ಕೌದಿ ಹೊಲಿಯಬೇಕೆಂದೇ ಹೊಲಿಗೆ ಗಟ್ಟಿಯಾಗಿ ಕಲಿತದ್ದು ಎಂದು ಅವರು ಮೂರನೆಯ ಭೇಟಿಯಲ್ಲಿ ಹೇಳಿದರು. ಊರವರ ಗಂಟುಗಳ ಅಡಿಯಲ್ಲಿ ಟ್ರಂಕು ಮುಚ್ಚಿಹೋಗಿತ್ತು, ನಿಜ. ಆದರೆ ಬಿಡುವಿದ್ದ ದಿನಗಳಲ್ಲೂ ಅದನ್ನು ತೆರೆದಿರಲಿಲ್ಲ. ಕತ್ತರಿ ಹಾಕಲು ಭಯ.

ಒಂದು ಸೀರೆ ತಂದು ತೋರಿಸಿದರು. ಚಿಕ್ಕಿ ಪರಾಸ ಅಂಚು, ಒಡಲು ಹತ್ತಿಯದು, ಒಗೆದು ಒಗೆದು ಹಾಲಿನ ಕೆನೆಯಷ್ಟು ಮೆತ್ತಗಾಗಿದೆ. ಕೆಂಪು ರೇಷ್ಮೆಯ ಟೋಪ ತೆನಿ ಸೆರಗು ಮಾತ್ರ ಇನ್ನೂ ಗಟ್ಟಿ. ಒಡಲಿನ ಎಳೆ, ಸೆರಗಿನ ಎಳೆ ಕೊಂಡಿ ಹಾಕಿಕೊಂಡಿರುವ ಸಾಲಿನ ಮೇಲೆ ಉಗುರು ಎಳೆದು, "ಇದನ್ನ ಹ್ಯಾಂಗ ಕತ್ತರಸ್ಲಿ, ಹೇಳ್ರಿ" ಅಂದರು. ಅವ್ವನಿಗಾಗಿ ಆ ದಿನ ಅತ್ತರು. ನಾನು ಮಾತಾಡಲಿಲ್ಲ.

ಆಮೇಲೆ ಕೇಳಿದೆ: ಅವ್ವ ಕೌದಿ ಹೊಲಿಯುವಾಗ ಎಲ್ಲಿಂದ ಶುರು ಮಾಡುತ್ತಿದ್ದರು? ನೆಲಕ್ಕೆ ಇಡೀ ಸೀರೆ ಹಾಸಿ, ಮೂಲೆಗೆ ಕಲ್ಲಿಟ್ಟು, ಅದರ ಮೇಲೆ ಹರಕು ಧೋತರ, ಹಳೇ ಪರಕಾರದ ತುಂಡು ಹರವಿ, ಅಂಚಿನಿಂದ ದಾರ ಓಡಿಸುತ್ತ ಸುತ್ತು ಸುತ್ತಾಗಿ ಒಳಗೆ ಬರುತ್ತಿದ್ದರಂತೆ. ಅಂದರೆ ಅಡಿಯ ಸೀರೆಗೆ ಕತ್ತರಿಯೇ ಬೇಡ. ನನ್ನ ಸಲಹೆ ಇಷ್ಟೇ: ಏಳರಲ್ಲಿ ತೀರ ಜೀರ್ಣವಾದ ಒಂದನ್ನು ಇಡಿಯಾಗಿ ಅಡಿಗೆ ಹಾಸಿ. ಮೇಲಿನ ತುಂಡುಗಳಿಗೆ ಸದ್ಯ ನಿಮ್ಮ ಹಳೇ ಕುರ್ತಾಗಳು ಸಾಕು. ಹರಿದ ಸೀರೆಯೊಂದು ತಾನಾಗಿ ಕೈಗೆ ಬಂದ ದಿನ ಅವ್ವನ ತುಂಡೂ ಸೇರಲಿ. ಮಷಿನ್ ಬೇಡ, ಸೂಜಿಯಲ್ಲೇ ಹೊಲಿಯಿರಿ. ಭಾನುವಾರ ಮಧ್ಯಾಹ್ನ ಎರಡು ತಾಸು, ಗೋಡೆಗೆ ಬೆನ್ನು ಕೊಟ್ಟು, ಅರ್ಧ ತಾಸಿಗೊಮ್ಮೆ ಎದ್ದು ಭುಜ ಸಡಿಲಿಸಬೇಕು. ಆ ಹೊತ್ತಿನಲ್ಲಿ ಫೋನು ಅತ್ತೆಯ ಹತ್ತಿರ. ಅತ್ತೆ ಫೋನನ್ನಷ್ಟೇ ಇಟ್ಟುಕೊಳ್ಳಲಿಲ್ಲ, ಎರಡನೆಯ ಭಾನುವಾರದಿಂದ ಎದುರು ಕೂತು ಸೂಜಿಗೆ ದಾರ ಪೋಣಿಸಿಕೊಡಲೂ ಶುರು ಮಾಡಿದರು.

ಮೋಟಾರ್ ಮಷಿನ್ ಮನೆಯಲ್ಲೇ ಇದೆ. ಮಾರುವುದೋ ಬೇಡವೋ ಎಂಬ ಮೊದಲ ಪ್ರಶ್ನೆಗೆ ಮೂರು ತಿಂಗಳು ಗವಸು ಹಾಕಿಡಿ ಎಂದಷ್ಟೇ ಹೇಳಿದ್ದೆ. ಎರಡನೇ ತಿಂಗಳಲ್ಲೇ ತೆಗೆದು ಒಂದು ಕುರ್ತಾ ಹೊಲಿದುಕೊಂಡರು.

ಓದುವವರಿಗೊಂದು ಸೂಚನೆ. ಇವರಿಗೆ ಬೇಸರವಿದ್ದದ್ದು ಒಂದೇ ಕಡೆ. ನಿಮಗೆ ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಊಟ ತಪ್ಪಿದೆ, ಬದುಕೇ ಸಾಕೆನಿಸುತ್ತಿದೆ ಎಂದಾದರೆ ಆಪ್ತಸಲಹೆಯೊಂದಕ್ಕೇ ನಿಲ್ಲದೆ ಮನೋವೈದ್ಯರನ್ನು ಕಾಣಿ. ನಮ್ಮ ಭಾಗಕ್ಕೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಫೋನಿನಲ್ಲಿ ಮಾತಾಡಬೇಕಾದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, ಸಂಖ್ಯೆ 14416, ಕನ್ನಡದಲ್ಲೂ ಮಾತಾಡುತ್ತಾರೆ.

ಒಟ್ಟು ಆರು ಭೇಟಿ, ಐದು ತಿಂಗಳು. ನಿದ್ದೆ ಹೆಚ್ಚುಕಡಿಮೆ ಸರಿಯಾಗಿದೆ, ಪರೀಕ್ಷೆಯ ಕಾಲದಲ್ಲಿ ಮಗನೊಡನೆ ಜಗಳ ಮಾತ್ರ ಇದ್ದೇ ಇದೆ. ಹೋದ ವಾರ ಫೋನ್ ಮಾಡಿದ್ದರು. ದಸರಾದಲ್ಲಿ ಮನೆಯ ಹಾಸಿಗೆ ಹೊದಿಕೆ ಒಗೆಯುವಾಗ ಹೊಸ ಕೌದಿಯನ್ನೂ ಒಗೆಯೋಣ ಎಂದು ಅತ್ತೆ ಅವಸರ ಮಾಡುತ್ತಿದ್ದಾರಂತೆ. "ನಡಬರಕ್ಕ ಒಂದ್ ಗೇಣು ಉಳಿದೈತ್ರಿ. ಮುಗಸಾಕ ಮನಸ ಬರವಲ್ದು" ಅಂದರು. ಮುಗಿಸಲೇಬೇಕೇ ಎಂದು ಕೇಳಿದೆ. ಆ ಕಡೆಯಿಂದ ನಕ್ಕರು, ಸೂಜಿ ಕೈಯಲ್ಲಿದೆ ಎಂದು ಫೋನಿಟ್ಟರು.